ಮಗಳ ಮೂಗಿನ ಮೇಲಿನ ಕಂದು ಚುಕ್ಕೆ: ಬಂಗಾ, ಫ್ರೆಕಲ್ಸಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಗಳಿಗೆ 9 ವರ್ಷ. ಮನೆಯಲ್ಲಿ ಎಲ್ಲರಿಗಿಂತ ಬೆಳ್ಳಗಿದ್ದಾಳೆ. ಎರಡು ವರ್ಷದಿಂದ ಮೂಗು, ಕೆನ್ನೆಯ ಮೇಲೆ ಸಣ್ಣ ಕಂದು ಚುಕ್ಕೆಗಳಿವೆ. ಬೇಸಿಗೆ ರಜೆಯಲ್ಲಿ ಎದ್ದು ಕಾಣುತ್ತವೆ, ಮಳೆಗಾಲದಲ್ಲಿ ಮಸುಕಾಗುತ್ತವೆ. ಅತ್ತೆ ಇದು ಬಂಗು, ನಿಂಬೆರಸ ಹಚ್ಚು ಅಂತಾರೆ. ಹಚ್ಚಬಹುದಾ?

ಉತ್ತರ (ಚರ್ಮವೈದ್ಯೆ): ನಿಂಬೆರಸ ಬೇಡಮ್ಮ. ಅದು ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಬರಬಹುದು. ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ನೀವು ಹೇಳಿದ್ದು ಫ್ರೆಕಲ್ಸ್ ಇದ್ದ ಹಾಗಿದೆ. ಬೇಸಿಗೆಯಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಚರ್ಮದ ಬಣ್ಣವಾದ ಮೆಲನಿನ್ ತಯಾರಾಗುವುದು ಮೆಲನೋಸೈಟ್ ಎಂಬ ಕೋಶಗಳಲ್ಲಿ. ಚುಕ್ಕೆ ಇರುವ ಜಾಗದಲ್ಲಿ ಈ ಕೋಶಗಳೇನೂ ಜಾಸ್ತಿ ಇರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಅಲ್ಲಿನವು ಅಕ್ಕಪಕ್ಕದವಕ್ಕಿಂತ ಹೆಚ್ಚು ಬಣ್ಣ ಮಾಡುತ್ತವೆ, ಅಷ್ಟೇ. ಬಿಸಿಲು ತಗ್ಗಿದರೆ ಹಳೆ ಚರ್ಮ ಉದುರುತ್ತಾ ಬಣ್ಣವೂ ಇಳಿಯುತ್ತದೆ. ಮಚ್ಚೆಯಲ್ಲಿ ಕೋಶಗಳೇ ಗುಂಪುಗೂಡಿರುತ್ತವೆ, ಅದಕ್ಕೇ ಅದು ಕಾಲಕ್ಕೆ ತಕ್ಕಂತೆ ಮಸುಕಾಗುವುದಿಲ್ಲ.

ಫ್ರೆಕಲ್ಸ್ ಹುಟ್ಟಿನಿಂದ ಇರುವುದಿಲ್ಲ, ಆದರೆ ಇದರ ಒಲವು ವಂಶದಿಂದ ಬರುತ್ತದೆ. ಎಂಸಿ1ಆರ್ ಎಂಬ ಜೀನ್‌ಗೆ ಇದರಲ್ಲಿ ದೊಡ್ಡ ಪಾಲಿದೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಂಪು ಕೂದಲಿನವರಲ್ಲಿ ತುಂಬಾ ಸಾಮಾನ್ಯ. ನಮ್ಮಲ್ಲಿ ಕಡಿಮೆ, ತಿಳಿಬಣ್ಣದವರಲ್ಲಿ ಆಗಾಗ ಕಾಣುತ್ತದೆ.

ಮಗುವನ್ನು ಕಿಟಕಿ ಬೆಳಕಿನಲ್ಲಿ ಕೂರಿಸಿ ನೋಡಿ. ಚುಕ್ಕೆಗಳು ಬಿಡಿಬಿಡಿಯಾಗಿ, ಸಾಸಿವೆ ಕಾಳಿನಷ್ಟಿರುತ್ತವೆ. ಬೆರಳಾಡಿಸಿದರೆ ಉಬ್ಬು ಸಿಗುವುದಿಲ್ಲ. ಬಟ್ಟೆ ಮುಚ್ಚಿದ ಕಡೆ ಇರುವುದಿಲ್ಲ. ಬಂಗು ಹೀಗಲ್ಲ. ಅದು ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ತೇಪೆ ಹಾಕಿದ ಹಾಗೆ ಹರಡುತ್ತದೆ. ಹೆಚ್ಚಾಗಿ ದೊಡ್ಡ ಹೆಂಗಸರಿಗೆ, ಬಸುರಿಯಲ್ಲಿ ಅಥವಾ ಗರ್ಭನಿರೋಧಕ ಮಾತ್ರೆ ತಗೊಳ್ಳುವಾಗ ಬರುತ್ತದೆ. ಈ ವಯಸ್ಸಿನ ಮಗುವಿಗೆ ತೀರಾ ಅಪರೂಪ.

ಔಷಧಿ ಬೇಡ. ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಸಾಕು. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ದಯವಿಟ್ಟು ಮಗುವಿನ ಎದುರು ಇದನ್ನು ಕಾಯಿಲೆ ಅನ್ನಬೇಡಿ.

ಪ್ರಶ್ನೆ: ಮೇಡಂ, ನನಗೂ ಇಂಥದ್ದೇ ಚುಕ್ಕೆ ಇದ್ದವು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಕ್ರೀಮ್‌ಗೆ ಹತ್ತೇ ದಿನದಲ್ಲಿ ಹೋದವು. ಈಗ ಬಿಟ್ಟರೆ ಮುಖ ಉರಿಯುತ್ತೆ.

ಉತ್ತರ: ಟ್ಯೂಬ್ ಮೇಲೆ ಮೊಮೆಟಸೋನ್, ಬೆಟಾಮೆಥಾಸೋನ್, ಕ್ಲೋಬೆಟಸಾಲ್ ಅಂತ ಇದೆಯಾ ನೋಡಿ. ಇವೆಲ್ಲ ಸ್ಟೀರಾಯ್ಡ್. ಸುಮ್ನೆ ದಿನಾ ಹಚ್ಚುತ್ತಿದ್ದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣುತ್ತದೆ, ಮೊಡವೆ, ಕೂದಲು ಬರುತ್ತದೆ. ನಿಲ್ಲಿಸಲೇಬೇಕು. ಆದರೆ ಹೇಗೆ ಅನ್ನುವುದನ್ನು ಚರ್ಮವೈದ್ಯರು ಮುಖ ನೋಡಿಯೇ ಹೇಳಬೇಕು. ಟ್ಯೂಬ್ ತಗೊಂಡು ಈ ವಾರವೇ ಹೋಗಿ.

ಪ್ರಶ್ನೆ: ಅಕ್ಕನ ಮಗುವಿಗೆ ಒಂದೂವರೆ ವರ್ಷ. ಮುಖ, ಕೈ ತುಂಬಾ ಚುಕ್ಕೆ. ಬಿಸಿಲಿಗೆ ಕಣ್ಣೇ ಬಿಡುವುದಿಲ್ಲ. ಭಾವ ನಮ್ಮ ಸೋದರಮಾವನೇ. ಇದೂ ಫ್ರೆಕಲ್ಸಾ?

ಉತ್ತರ: ಇದನ್ನು ಹಾಗೆ ಬಿಡಬೇಡಿ. ಎರಡು ವರ್ಷದೊಳಗೆ ಇಷ್ಟು ಚುಕ್ಕೆ, ಬೆಳಕು ತಡೆಯದ ಕಣ್ಣು ಅಂದರೆ ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆ ಇರಬಹುದಾ ಅಂತ ನೋಡಲೇಬೇಕು. ಬಿಸಿಲಿನಿಂದ ಡಿಎನ್‌ಎಗೆ ಆದ ಹಾನಿಯನ್ನು ಈ ಮಕ್ಕಳ ದೇಹ ಸರಿಪಡಿಸಿಕೊಳ್ಳಲಾರದು. ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುವ ಅಪಾಯವಿದೆ. ಅಪರೂಪದ ಕಾಯಿಲೆ, ರಕ್ತಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಜಾಸ್ತಿ. ಇವತ್ತಿನಿಂದಲೇ ಮಗುವನ್ನು ಹಗಲು ಬಿಸಿಲಿಗೆ ಬಿಡಬೇಡಿ. ಕಿಟಕಿಗೆ ದಪ್ಪ ಪರದೆ ಹಾಕಿ. ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದೊಯ್ಯಿರಿ, ಕಣ್ಣನ್ನೂ ತೋರಿಸಿ. ಹೋಗುವಾಗ ಮೈತುಂಬಾ ಬಟ್ಟೆ, ಟೋಪಿ ಇರಲಿ.