ಕುಶಾದಸಿ ಬಂದರಿನಿಂದ ಎಫೆಸಸ್: ಖಾಸಗಿ ಗೈಡ್ ಮಾಡಿಕೊಳ್ಳೋದಾ, ಹಡಗಿನ ಬಸ್ಸೇ ಸಾಕಾ?

ಸ್ಮಿತಾ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಈ ಸಲ ದೀಪಾವಳಿ ರಜೆಗೆ ಗ್ರೀಸ್ ಕಡೆ ಹೊರಟಿದ್ದೇವೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ನಾಲ್ಕು ದಿನದ ಕ್ರೂಸ್. ನಾನು, ಯಜಮಾನರು, 13 ವರ್ಷದ ಮಗ, 72 ವರ್ಷದ ಅತ್ತೆ. ಎರಡನೇ ದಿನ ಹಡಗು ಟರ್ಕಿಯ ಕುಶಾದಸಿಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ 7.30ಕ್ಕೆ ಬಂದು ಮಧ್ಯಾಹ್ನ 1ಕ್ಕೆ ಹೊರಡುತ್ತದೆ. 12.30ಕ್ಕೆ ಎಲ್ಲರೂ ಹಡಗಿನೊಳಗೆ ಇರಬೇಕಂತೆ.

ಅಲ್ಲಿಗೆ ಹತ್ತಿರದಲ್ಲೇ ಎಫೆಸಸ್ ಅಂತ ರೋಮನ್ನರ ಕಾಲದ ಪಾಳು ಊರು ಇದೆ, ಮಗನಿಗೆ ಅದನ್ನು ನೋಡಲೇಬೇಕು. ರೋಮನ್ನರ ಹುಚ್ಚು ಹಿಡಿದು ಒಂದು ವರ್ಷ ಆಯಿತು. ಊಟಕ್ಕೆ ಕೂತರೂ ಸೀಸರ್ ಮಾತು. ಅತ್ತೆಗೂ ಆಸೆ ಇದೆ, ಆದರೆ ಎರಡೂ ಮೊಣಕಾಲು ನೋವು. ಸಮತಟ್ಟು ನೆಲದಲ್ಲಿ ನಿಧಾನವಾಗಿ ಅರ್ಧ ಗಂಟೆ ನಡೆಯುತ್ತಾರೆ, ಆಮೇಲೆ ಕೂರಲೇಬೇಕು.

ಹಡಗಿನವರ ಬಸ್ ಟೂರ್ ತಲೆಗೆ ಇಷ್ಟು ಅಂತ ಇದೆ. ಅದು ಬೇಡ ಅಂದರೆ ಹೊರಗಿನಿಂದ ಒಬ್ಬ ಗೈಡ್, ಒಂದು ವ್ಯಾನ್ ನಾವೇ ಗೊತ್ತು ಮಾಡಿಕೊಳ್ಳಬಹುದು ಅಂತ ಕೇಳಿದೆ. ಹಡಗು ಬಿಟ್ಟು ಹೋದರೆ ಏನು ಗತಿ ಅನ್ನೋದು ಯಜಮಾನರ ಭಯ. ಮಗ ಮಾತ್ರ ಬಸ್ಸು ಬೇಡವೇ ಬೇಡ ಅಂತಾನೆ. ಹೋಗಿ ಬಂದವರು ಹೇಳಿ ಪ್ಲೀಸ್.

ಕಾವ್ಯ ಬಿ.

ನಾನಾದರೆ ಹಡಗಿನ ಬಸ್ಸೇ ಅಂತೀನಿ. ನಾವು ಹಾಗೇ ಹೋಗಿದ್ದು. ನಲವತ್ತು ಜನ ಇದ್ದರು ನಿಜ, ಆದರೆ ಎಲ್ಲರ ಕಿವಿಗೂ ಒಂದು ಇಯರ್‌ಫೋನ್ ಕೊಡುತ್ತಾರೆ, ಗೈಡ್ ಮಾತು ಚೆನ್ನಾಗಿ ಕೇಳುತ್ತದೆ. ಟೈಮ್ ನೋಡುವ ತಲೆನೋವು ನಮ್ಮದಲ್ಲ. ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕೊನೆಗೆ ಕಾರ್ಪೆಟ್ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿದ್ದು ಮಾತ್ರ ಬೇಜಾರಾಯಿತು. ಆಪಲ್ ಟೀ ಚೆನ್ನಾಗಿತ್ತು, ಅದು ಬೇರೆ ಮಾತು!

ಇನ್ನೊಂದು. ಗ್ರೀಸ್‌ನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುತ್ತೀರಿ. ಗ್ರೀಸ್‌ಗೆ ಬೇಕಾದ ಶೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿದೇ ತಗೊಳ್ಳಿ. ಟರ್ಕಿಯಲ್ಲಿ ಇಳಿಯೋಕೆ ಏನು ಬೇಕು ಅಂತ ಹಡಗಿನವರಿಗೆ ಮೇಲ್ ಹಾಕಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ನಿವೃತ್ತ ಕ್ಯಾಷಿಯರ್, ಧಾರವಾಡ

ಸ್ಮಿತಾ ತಂಗಿ, ನಾನು 2024ರ ನವೆಂಬರ್ ಮೊದಲ ವಾರ ಇಂಥದ್ದೇ ಹಡಗಿನಲ್ಲಿ, ಇದೇ ಹೊತ್ತಿಗೆ ಕುಶಾದಸಿಯಲ್ಲಿ ಇಳಿದವನು. ನಾನು, ಹೆಂಡತಿ, ಅಣ್ಣ, ಅತ್ತಿಗೆ, ಅವರ ಮಗ. ಒಟ್ಟು ಐದು ಜನ. ಗೈಡ್ ಗೊತ್ತು ಮಾಡಿದ್ದು ಮ್ಯೂನಿಕ್‌ನಲ್ಲಿರುವ ನನ್ನ ಮಗಳು.

ಮೊದಲು ದುಡ್ಡಿನ ಮಾತು. ಹಡಗಿನವರದು ತಲೆ ಲೆಕ್ಕ, ಖಾಸಗಿಯವರದು ಗಾಡಿ ಲೆಕ್ಕ. ಇಬ್ಬರೇ ಇದ್ದರೆ ಬಸ್ಸೇ ಅಗ್ಗ. ನಾನು ಕಾಗದದ ಮೇಲೆ ಬರೆದು ನೋಡಿದೆ. ನಾಲ್ಕು ಜನಕ್ಕೆ ಎರಡೂ ಹೆಚ್ಚುಕಡಿಮೆ ಸಮ ಆಯಿತು, ಐದನೆಯವನು ಪೂರ್ತಿ ಲಾಭ. ಆದರೆ ಒಳಗಿನ ಟಿಕೆಟ್ ಸೇರಿದೆಯೋ ಇಲ್ಲವೋ ಕೇಳಿ. ನಾವು ಹೋದಾಗ ಎಫೆಸಸ್ ಟಿಕೆಟ್ಟೇ ತಲೆಗೆ 40 ಯೂರೋ. ಒಳಗೆ ಟೆರೇಸ್ ಮನೆಗಳು ಅಂತ ಹಳೇ ಕಾಲದ ಶ್ರೀಮಂತರ ಮನೆಗಳಿವೆ, ಅವಕ್ಕೆ ಮತ್ತೆ 15. ಇದನ್ನು ಬಿಟ್ಟು ರೇಟ್ ಹೇಳಿ ಆಮೇಲೆ ಕೈಚಾಚುವವರೂ ಇದ್ದಾರೆ.

ಈಗ ಅತ್ತೆಯವರ ಮೊಣಕಾಲು. ಇದೇ ಮುಖ್ಯ. ಎಫೆಸಸ್‌ಗೆ ಎರಡು ಗೇಟು. ಒಂದು ಮೇಲೆ, ಇನ್ನೊಂದು ಕೆಳಗೆ. ಎಲ್ಲ ಬಸ್ಸುಗಳೂ ಮೇಲಿನ ಗೇಟಿನಲ್ಲಿ ಇಳಿಸಿ ಕೆಳಗಿನ ಗೇಟಿನಲ್ಲಿ ಹತ್ತಿಸಿಕೊಳ್ಳುತ್ತವೆ. "ಬರೀ ಇಳಿಜಾರು, ಹಿರಿಯರಿಗೆ ಸುಲಭ" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಬರೆದವರಿಗೆ ಮೊಣಕಾಲು ನೋವು ಬಂದಿಲ್ಲ ಅಂತ ಕಾಣುತ್ತದೆ. ಹತ್ತುವಾಗ ದಮ್ಮು ಬೇಕು, ಇಳಿಯುವಾಗ ಮೊಣಕಾಲು ಬೇಕು. ಅದರಲ್ಲೂ ಕ್ಯುರೀಟ್ಸ್ ಬೀದಿ ಅಂತ ಒಂದಿದೆ. ಇಡೀ ಬೀದಿಗೆ ಹಾಸಿದ್ದು ಅಮೃತಶಿಲೆ. ಎರಡು ಸಾವಿರ ವರ್ಷ ತುಳಿದು ತುಳಿದು ನಮ್ಮ ಹಳೇ ಮನೆಯ ಹೊಸ್ತಿಲಿನ ಹಾಗೆ ನುಣ್ಣಗೆ ಹೊಳೆಯುತ್ತದೆ. ಹಿಂದಿನ ರಾತ್ರಿ ಸಣ್ಣ ಮಳೆ ಬಿದ್ದಿತ್ತು. ನನ್ನ ಹೆಂಡತಿ ಚಪ್ಪಲಿ ಹಾಕಿಕೊಂಡು ಬಂದಿದ್ದಳು, ಎರಡು ಸಲ ಜಾರಿದಳು. ಅತ್ತಿಗೆಗೆ ಮೊದಲೇ ಮಂಡಿ ನೋವು, ಅರ್ಧ ದಾರಿಯಲ್ಲಿ ಒಂದು ಕಂಬದ ಬುಡದ ಮೇಲೆ ಕೂತವರು ಏಳಲಿಲ್ಲ.

ಆಗ ಗೈಡ್ ಹೇಳಿದ. ವಯಸ್ಸಾದವರಿಗೆ ಕೆಳಗಿನ ಗೇಟಿನಿಂದಲೇ ಒಳಗೆ ಬರೋದು ಒಳ್ಳೆಯದು. ಅಲ್ಲಿಂದ ದೊಡ್ಡ ರಂಗಮಂದಿರ, ಆಮೇಲೆ ಮಾರ್ಬಲ್ ಬೀದಿ ಹಿಡಿದರೆ ಸೆಲ್ಸಸ್ ಗ್ರಂಥಾಲಯ. ಹೆಚ್ಚುಕಡಿಮೆ ಸಮತಟ್ಟು. ಅಷ್ಟು ನೋಡಿ ಅದೇ ದಾರಿಯಲ್ಲಿ ವಾಪಸ್. ಮೊದಲೇ ಯಾಕೆ ಹೇಳಲಿಲ್ಲಪ್ಪ ಅಂದೆ. ನೀವು ಮಂಡಿ ನೋವು ಅಂತ ಬರೆದಿರಲಿಲ್ಲ ಅಂದ. ನಿಜ, ಬರೆದಿರಲಿಲ್ಲ.

ನೀವು ಹೀಗೆ ಮಾಡಿ. ನೀವೂ ಮಗನೂ ಗೈಡ್ ಜೊತೆ ಮೇಲಿನ ಗೇಟಿನಲ್ಲಿ ಇಳಿಯಿರಿ. ಅತ್ತೆ ಮತ್ತು ಯಜಮಾನರು ಅದೇ ವ್ಯಾನಿನಲ್ಲಿ ಕೆಳಗಿನ ಗೇಟಿಗೆ ಹೋಗಲಿ. ಗ್ರಂಥಾಲಯದ ಮುಂದೆ ಎಲ್ಲರೂ ಸೇರಿ. ಬಸ್ಸಿನಲ್ಲಿ ಈ ಆಟ ನಡೆಯೋಲ್ಲ. ಖಾಸಗಿ ಗಾಡಿಗೆ ಕೊಡುವ ದುಡ್ಡು ನನ್ನ ಪ್ರಕಾರ ಇದಕ್ಕೇ. ಗೈಡ್ ಹೇಳುವ ಇಸವಿಗಳು ಎಲ್ಲ ಪುಸ್ತಕದಲ್ಲೂ ಸಿಗುತ್ತವೆ.

ಹಾಗಂತ ನಮ್ಮ ಗೈಡ್ ಸಾಮಾನ್ಯದವನಲ್ಲ. ಗ್ರಂಥಾಲಯದ ಮುಂದೆ ನಿಲ್ಲಿಸಿ, "ಎಷ್ಟು ಅಗಲ ಇದೆ ಹೇಳಿ" ಅಂದ. ನಾವೆಲ್ಲ ಜಾಸ್ತಿ ಹೇಳಿದೆವು. ನಕ್ಕ. ಪೀಠವನ್ನು ನಡುವೆ ಸ್ವಲ್ಪ ಉಬ್ಬಿಸಿದ್ದಾರಂತೆ. ನಡುವಿನ ಕಂಬಗಳು ಅಂಚಿನವಕ್ಕಿಂತ ದೊಡ್ಡವು. ಅಕ್ಕಪಕ್ಕ ಬೇರೆ ಕಟ್ಟಡಗಳು ಇದ್ದ ಇಕ್ಕಟ್ಟು ಜಾಗ, ಅದಕ್ಕೇ ಕಣ್ಣಿಗೆ ದೊಡ್ಡದಾಗಿ ಕಾಣಲಿ ಅಂತ ಈ ಉಪಾಯ. ಆಮೇಲೆ ಮೆಟ್ಟಿಲ ಬಳಿ ಬಗ್ಗಿಸಿ ತೋರಿಸಿದ. ಯಾರೋ ಏಳು ಕವಲಿನ ಯಹೂದಿ ದೀಪ ಗೀಚಿದ್ದಾರೆ. ಉಗುರಿನಲ್ಲಿ ಗೀಚಿದಷ್ಟು ತೆಳು. ಅವನು ಬೆರಳಿಟ್ಟು ತೋರಿಸದಿದ್ದರೆ ನಾವು ಅದನ್ನೇ ತುಳಿದುಕೊಂಡು ಹೋಗುತ್ತಿದ್ದೆವು.

ಮಗನಿಗೆ ಹೇಳಿ: ಅದು ಬರೀ ಗ್ರಂಥಾಲಯ ಅಲ್ಲ, ಗೋರಿ ಕೂಡ. ಸೆಲ್ಸಸ್ ಅಂದರೆ ಕ್ರಿ.ಶ. 92ರಲ್ಲಿ ಕಾನ್ಸಲ್ ಆಗಿದ್ದ ದೊಡ್ಡ ಅಧಿಕಾರಿ. ಮಗ ಅಪ್ಪನ ನೆನಪಿಗೆ ಕಟ್ಟಿಸಿದ, ಅಪ್ಪನನ್ನು ಅದರ ಕೆಳಗೇ ಹೂಳಿದರು. ಪುಸ್ತಕದ ಕೆಳಗೆ ಮಲಗುವ ಭಾಗ್ಯ ಯಾರಿಗುಂಟು! ಈಗ ನಿಂತಿರುವ ಮುಂಭಾಗವನ್ನು ಬಿದ್ದ ಕಲ್ಲು ಆರಿಸಿ 1970ರ ದಶಕದಲ್ಲಿ ಆಸ್ಟ್ರಿಯಾದವರು ಮತ್ತೆ ನಿಲ್ಲಿಸಿದ್ದು. ಅಲ್ಲಿರುವ ನಾಲ್ಕು ಹೆಣ್ಣು ಮೂರ್ತಿಗಳು ನಕಲು, ಅಸಲು ವಿಯೆನ್ನಾದಲ್ಲಿವೆ. ಇದನ್ನು ಹೇಳುವಾಗ ಗೈಡ್ ಮುಖ ಸ್ವಲ್ಪ ಬಿಗಿಯಾಯಿತು.

ಹಳೇ ಬಂದರು ಎಲ್ಲಿ ಅಂತ ಅಣ್ಣನ ಮಗ ಕೇಳಿದ. ರಂಗಮಂದಿರದ ಮುಂದಿನಿಂದ ಒಂದು ನೇರ ಬೀದಿ ಹೋಗುತ್ತದೆ, ಅದರ ಕೊನೆಯಲ್ಲೇ ಹಡಗು ನಿಲ್ಲುತ್ತಿತ್ತಂತೆ. ಈಗ ಅಲ್ಲಿ ಬರೀ ಜೊಂಡು. ನದಿ ಹೂಳು ತಂದು ತಂದು ತುಂಬಿತು, ಸಮುದ್ರ ಕಿಲೋಮೀಟರುಗಟ್ಟಲೆ ದೂರ ಹೋಯಿತು. ಊರೂ ಅಲ್ಲಿಗೆ ಮುಗಿಯಿತು.

ಒಳಗೆ ಹೋಗುವ ಮುಂಚೆ ಗೇಟಿನ ಹತ್ತಿರವೇ ಬಾತ್‌ರೂಮಿಗೆ ಹೋಗಿ ಬನ್ನಿ. ಒಳಗಿರೋದು ರೋಮನ್ನರದು ಮಾತ್ರ. ಕಲ್ಲಿನ ಬೆಂಚು, ಸಾಲಾಗಿ ತೂತು, ನಡುವೆ ಗೋಡೆ ಇಲ್ಲ. ಎಲ್ಲರೂ ಕೂತು ಊರ ಸುದ್ದಿ ಮಾತಾಡುತ್ತಿದ್ದರಂತೆ.

ಈಗ ನನ್ನ ಪೆದ್ದುತನ. ಅಕ್ಟೋಬರ್ ಕೊನೆಯ ಭಾನುವಾರ ಗ್ರೀಸ್‌ನವರು ಗಡಿಯಾರ ಒಂದು ಗಂಟೆ ಹಿಂದೆ ಹಾಕುತ್ತಾರೆ. ಟರ್ಕಿಯವರು 2016ರಿಂದ ಹಾಕುವುದಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ಟರ್ಕಿ ಒಂದು ಗಂಟೆ ಮುಂದೆ. ನಮ್ಮ ಹಡಗು ಗ್ರೀಸ್ ಟೈಮನ್ನೇ ಇಟ್ಟುಕೊಂಡಿತ್ತು. ರೋಮಿಂಗ್ ದುಡ್ಡು ಬೀಳುತ್ತದೆ ಅಂತ ನಾನು ಬೆಳಿಗ್ಗೆಯಿಂದ ಫೋನ್ ಫ್ಲೈಟ್ ಮೋಡ್‌ನಲ್ಲಿ ಇಟ್ಟಿದ್ದೆ. ಆರ್ಟೆಮಿಸ್ ಗುಡಿಯ ಹತ್ತಿರ ಮಗಳಿಗೆ ಫೋಟೋ ಕಳಿಸೋಣ ಅಂತ ಆನ್ ಮಾಡಿದೆ. 12.10 ತೋರಿಸಿತು! 12.30ಕ್ಕೆ ಹಡಗಿನೊಳಗೆ ಇರಬೇಕು, ಬಂದರು 20 ಕಿಲೋಮೀಟರ್. ಎದೆ ಧಸಕ್ ಅಂತು. ಗೈಡ್ "ಇನ್ನೂ ಬೇಕಾದಷ್ಟು ಟೈಮ್ ಇದೆ, ಮ್ಯೂಸಿಯಂ ನೋಡೋಣ" ಅಂದ. ಕಾರ್ಪೆಟ್ ಅಂಗಡಿಗೆ ಕರೆದುಕೊಂಡು ಹೋಗಲು ನಾಟಕ ಮಾಡುತ್ತಿದ್ದಾನೆ ಅಂದುಕೊಂಡೆ. ಅಣ್ಣ ತನ್ನ ಎಚ್‌ಎಂಟಿ ನೋಡಿ "ಏ, ಹನ್ನೊಂದೂ ಹತ್ತು" ಅಂದ. ಅವನ ಎಚ್‌ಎಂಟಿ ಮಾತು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಗಾಡಿ ಓಡಿಸಿಕೊಂಡು ಬಂದೆವು. ಹಡಗಿನ ಬಾಗಿಲಲ್ಲಿ ಗೋಡೆ ಗಡಿಯಾರ 11.40 ತೋರಿಸುತ್ತಿತ್ತು.

ಅಣ್ಣ ಒಂದು ಮಾತೂ ಆಡಲಿಲ್ಲ. ಕೈ ಮುಂದೆ ಮಾಡಿ ಎಚ್‌ಎಂಟಿ ತೋರಿಸಿದ ಅಷ್ಟೇ. ಆ ಗೈಡಿಗೆ ಆಮೇಲೆ ಮಗಳ ಮೂಲಕ ಕ್ಷಮೆ ಕೇಳಿ ಬರೆಸಿದೆ. ಅವನು ನೋಡೋಣ ಅಂದಿದ್ದ ಸೆಲ್ಚುಕ್ ಊರಿನ ಮ್ಯೂಸಿಯಂನಲ್ಲಿ ಆರ್ಟೆಮಿಸ್ ದೇವಿಯ ಮೂರ್ತಿ ಇದೆ, ಎದೆ ತುಂಬಾ ಮೊಟ್ಟೆಯ ಥರ ಉಬ್ಬು. ಅದನ್ನು ನಾನು ಇವತ್ತಿಗೂ ಫೋಟೋದಲ್ಲೇ ನೋಡಿದ್ದು.

ಹಡಗಿನಲ್ಲಿದ್ದವ, ಮಂಗಳೂರು

ಕ್ಯಾಷಿಯರ್ ಸರ್, ನಿಮ್ಮ ಥರ ಒಂದು ಗಂಟೆ ಮುಂಚೆ ಓಡಿ ಬಂದವರನ್ನು ನಾವು ಎಷ್ಟು ಜನ ನೋಡಿದ್ದೇವೆ! ಒಂದು ಗಂಟೆ ತಡವಾಗಿ ಓಡಿ ಬಂದವರನ್ನೂ.

ಅಕ್ಕ, ನಾನು ಒಂಬತ್ತು ವರ್ಷ ಕ್ರೂಸ್ ಹಡಗಿನಲ್ಲಿ ಹೌಸ್‌ಕೀಪಿಂಗ್ ಮಾಡಿದವನು. ಕಾವ್ಯ ಮೇಡಂ ಹೇಳಿದ್ದು ಸರಿ, ಹಡಗಿನ ಟೂರ್ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಹೋದವರಿಗೆ ಕಾಯುವುದಿಲ್ಲ. ಹೊತ್ತಾದರೂ ಬರದಿದ್ದರೆ ಹೆಸರು ಕೂಗುತ್ತಾರೆ. ಆಮೇಲೆ ಕ್ಯಾಬಿನ್‌ಗೆ ಹೋಗಿ ಪಾಸ್‌ಪೋರ್ಟ್ ಹುಡುಕಿ ತೆಗೆದು ಬಂದರಿನ ಏಜೆಂಟ್ ಕೈಗೆ ಕೊಟ್ಟು ಹೊರಟುಬಿಡುತ್ತಾರೆ. ಮುಂದಿನ ಬಂದರಿಗೆ ನಿಮ್ಮದೇ ಖರ್ಚು. ಮೇಲಿನ ಡೆಕ್‌ನಲ್ಲಿ ಜನ ಸಾಲಾಗಿ ನಿಂತು ಓಡಿ ಬರುವವರಿಗೆ ಚಪ್ಪಾಳೆ ತಟ್ಟುತ್ತಾರೆ. ಅದು ತಮಾಷೆ ಅನ್ನಿಸುವುದು ನಾವು ಮೇಲಿದ್ದಾಗ ಮಾತ್ರ.

ಆದರೆ ಕುಶಾದಸಿಗೆ ಈ ಭಯ ಜಾಸ್ತಿ ಬೇಡ. ಎಫೆಸಸ್ ಅರ್ಧ ಗಂಟೆ ದಾರಿ. ಇಟಲಿಯ ಚಿವಿತಾವೆಕ್ಕಿಯಾದಲ್ಲಿ ಹಡಗು ನಿಂತು ರೋಮ್‌ಗೆ ಹೋಗಿ ಬರುವುದಾದರೆ ನಾನೂ ಹಡಗಿನ ಬಸ್ಸೇ ಅನ್ನುತ್ತಿದ್ದೆ, ಅದು ಒಂದು ಗಂಟೆಗೂ ಮೇಲಿನ ದಾರಿ. ಇಲ್ಲಿ 11.45ಕ್ಕೆ ಬಂದರಿನಲ್ಲಿ ಇರುವ ಹಾಗೆ ಮಾತಾಡಿ. ಗೈಡಿಗೆ ಬರೆಯುವಾಗ "ಹಡಗಿನ ಟೈಮ್ 11.45, ಟರ್ಕಿ ಟೈಮ್ 12.45" ಅಂತ ಎರಡೂ ಬರೆಯಿರಿ. ಎಲ್ಲ ಹಡಗೂ ಒಂದೇ ಥರ ಅಲ್ಲ. ಕೆಲವು ಆ ಊರಿನ ಟೈಮಿಗೆ ಬದಲಾಗುತ್ತವೆ. ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ಕಾಗದದಲ್ಲಿ ಹಾಕಿರುತ್ತಾರೆ, ನೋಡಿಯೇ ಮಲಗಿ.

ಗೈಡ್ ನಿಮ್ಮ ಹೆಸರಿನ ಬೋರ್ಡ್ ಹಿಡಿದು ಬಂದರಿನ ಹೊರಗೆ ನಿಂತಿರುತ್ತಾನೆ. ಅಲ್ಲಿಗೆ ಬರೋದೇ ಅಂಗಡಿಗಳ ನಡುವೆ. ದಾರಿಯಲ್ಲಿ "ಎಫೆಸಸ್? ಟ್ಯಾಕ್ಸಿ?" ಅಂತ ಕೈ ಹಿಡಿಯುವವರಿಗೆ ನಿಲ್ಲಬೇಡಿ. ಟರ್ಕಿಯಲ್ಲಿ ಗೈಡ್‌ಗಳಿಗೆ ಸರ್ಕಾರದ ಲೈಸೆನ್ಸ್ ಇರುತ್ತದೆ, ಕೊರಳಲ್ಲಿ ಕಾರ್ಡ್ ಹಾಕಿರುತ್ತಾರೆ. ಅದನ್ನು ನೋಡಿ. ಅಂಗಡಿ ಬೇಡ ಅಂತ ಬುಕ್ ಮಾಡುವಾಗಲೇ ಬರೆಯಿರಿ. ಗಾಡಿ ಹತ್ತಿದ ಮೇಲೆ ಹೇಳಿದರೆ ಅವನಿಗೂ ಮುಜುಗರ, ನಿಮಗೂ.

ಸ್ಮಿತಾ, ಬೆಂಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಜೋರಾಗಿ ಓದಿದೆ. ಎಚ್‌ಎಂಟಿ ವಿಷಯಕ್ಕೆ ಯಜಮಾನರು ನಕ್ಕಿದ್ದು ನಕ್ಕಿದ್ದೇ, ಅವರ ಅಪ್ಪನ ಎಚ್‌ಎಂಟಿ ಇನ್ನೂ ಬೀರುವಿನಲ್ಲಿದೆ. ಈ ಸಲ ಅದೇ ಕಟ್ಟಿಕೊಂಡು ಬರುತ್ತಾರಂತೆ, ಹಡಗಿನ ಟೈಮಿಗೆ ಇಟ್ಟು.

ಖಾಸಗಿ ವ್ಯಾನೇ ಅಂತ ಆಯಿತು. ಎರಡು ಗೇಟಿನ ಪ್ಲಾನ್ ಕೇಳಿ ಅತ್ತೆಗೆ ಖುಷಿಯೋ ಖುಷಿ. "ನಿಮಗಿಂತ ಮುಂಚೆ ನಾನೇ ಲೈಬ್ರರಿ ಮುಂದೆ ಕೂತಿರ್ತೀನಿ" ಅಂದರು. ಒಂದೇ ಪ್ರಶ್ನೆ ಉಳಿದಿದೆ ಸರ್. ಆರ್ಟೆಮಿಸ್ ಗುಡಿ ಏಳು ಅದ್ಭುತಗಳಲ್ಲಿ ಒಂದು ಅಂತ ಮೊಮ್ಮಗ ಅಜ್ಜಿಯ ತಲೆ ತುಂಬಿಸಿದ್ದಾನೆ. ಅದನ್ನು ನೋಡೋಕೂ ತುಂಬಾ ನಡೆಯಬೇಕಾ?

ನಿವೃತ್ತ ಕ್ಯಾಷಿಯರ್, ಧಾರವಾಡ

ನಡೆಯೋದೇ ಬೇಡ ತಂಗಿ. ಸೆಲ್ಚುಕ್ ಊರಿನ ರಸ್ತೆ ಪಕ್ಕದಲ್ಲೇ ಇದೆ, ಟಿಕೆಟ್ಟೂ ಇಲ್ಲ. ಆದರೆ ಅತ್ತೆಯವರಿಗೆ ಮೊದಲೇ ಹೇಳಿಬಿಡಿ, ಗುಡಿ ಇಲ್ಲ. 127 ಕಂಬ ಇದ್ದವು ಅಂತ ಹಳಬರು ಬರೆದಿದ್ದಾರೆ. ಈಗ ನಿಂತಿರೋದು ಒಂದೇ. ಅದೂ ಚೂರು ಚೂರು ಕಲ್ಲು ಜೋಡಿಸಿ ನಿಲ್ಲಿಸಿದ್ದು. ಸುತ್ತ ಜೌಗು ನೀರು, ಬಾತುಕೋಳಿ. ಕಂಬದ ತುದಿಯಲ್ಲಿ ಕೊಕ್ಕರೆ ಗೂಡು ಕಟ್ಟಿದೆ. ನಾವು ಹೋದಾಗ ಗೂಡು ಖಾಲಿ ಇತ್ತು, ಚಳಿಗೆ ಹಕ್ಕಿಗಳು ಬೆಚ್ಚಗಿನ ಕಡೆ ಹೋಗಿರುತ್ತವಂತೆ. ವ್ಯಾನಿನ ಎಡಗಡೆಯೋ ಬಲಗಡೆಯೋ ಅಂತ ಡ್ರೈವರ್‌ಗೆ ಕೇಳಿ, ಅವರನ್ನು ಆ ಕಿಟಕಿಗೆ ಕೂರಿಸಿ.