ಅಕ್ಕನ ಮಗನಿಗೆ ಡಿಐಪಿಜಿ, ಮನೇಲೇ ನೋಡ್ಕೋಬೇಕು ಅಂದಿದಾರೆ. ನರ್ಸಿಂಗ್ ಗೊತ್ತಿರೋರು ದಯವಿಟ್ಟು ಹೇಳಿ

ಹಾಸನದ_ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗನಿಗೆ ಏಳು ವರ್ಷ. ಹೋದ ವರ್ಷ ಒಂದು ಕಣ್ಣು ಮೆಳ್ಳೆ ಆದ ಹಾಗೆ ಕಾಣ್ತಿತ್ತು, ನಡೀವಾಗ ಓಲಾಡ್ತಿದ್ದ, ಕನ್ನಡಕ ಹಾಕಿಸಿದ್ರೆ ಸರಿಹೋಗುತ್ತೆ ಅಂದ್ಕೊಂಡು ಕಣ್ಣಿನ ಡಾಕ್ಟ್ರ ಹತ್ರ ಹೋದ್ರೆ ಅವರು ಎಂಆರ್‌ಐ ಬರೆದ್ರು, ಅದರಲ್ಲಿ ಡಿಐಪಿಜಿ ಅಂತ ಬಂತು. ಮೆದುಳಿನ ಕಾಂಡದೊಳಗೇ ಹರಡ್ಕೊಂಡಿರೋ ಗಡ್ಡೆ, ಆಪರೇಷನ್ ಮಾಡಿ ತೆಗೆಯೋಕಾಗಲ್ಲವಂತೆ. ಬೆಂಗಳೂರಲ್ಲಿ ಆರು ವಾರ ರೇಡಿಯೇಷನ್ ಆಯ್ತು. ಆಮೇಲೆ ಕೆಲವು ತಿಂಗಳು ಎಷ್ಟು ಚೆನ್ನಾಗಿದ್ದ ಅಂದ್ರೆ ಸ್ಕೂಲಿಗೂ ಹೋದ, ಸೈಕಲ್ಲೂ ತುಳಿದ, ನಾವೆಲ್ಲ ಡಾಕ್ಟ್ರೇ ತಪ್ಪು ಹೇಳಿದಾರೆ ಅಂದ್ಕೊಂಡ್ವಿ.

ಈಗ ಮತ್ತೆ ಶುರುವಾಗಿದೆ. ಮಾತು ತೊದಲು, ನುಂಗೋಕೆ ಕಷ್ಟ, ಮೂಗಿಂದ ಟ್ಯೂಬ್ ಹಾಕಿ ಕಳಿಸಿದಾರೆ. "ಇನ್ನು ಪ್ಯಾಲಿಯೇಟಿವ್ ಕೇರ್ (ಗುಣ ಮಾಡೋಕಾಗದಾಗ ನೋವು, ತೊಂದರೆ ಕಡಿಮೆ ಮಾಡೋ ಆರೈಕೆ), ಮನೇಲೇ ಆರಾಮಾಗಿ ಇಟ್ಕೊಳ್ಳಿ" ಅಂದ್ರು. ಆರಾಮಾಗಿ ಅಂದ್ರೆ ಏನು ಮಾಡಬೇಕು ಅಂತ ಯಾರೂ ಕೂತು ಹೇಳ್ಲಿಲ್ಲ. ಡೆಕ್ಸಾಮೆಥಸೋನ್ ಅಂತ ಊತ ಇಳಿಸೋ ಸ್ಟೀರಾಯ್ಡ್ ಕೊಡ್ತಿದೀವಿ, ಮುಖ ಊದಿ ಚಂದ್ರನ ಥರ ಆಗಿದೆ, ರಾತ್ರಿ ಎರಡು ಗಂಟೆಗೆ ಎದ್ದು ಊಟ ಬೇಕು ಅಂತ ಅಳ್ತಾನೆ, ಟ್ಯೂಬಲ್ಲಿ ಎಷ್ಟು ಕೊಟ್ರೂ ಬಾಯಿಗೆ ರುಚಿ ಸಿಗಲ್ವಲ್ಲ. ನಮ್ಮಮ್ಮ ಅಂತೂ ಒಂದು ತುತ್ತು ಮೊಸರನ್ನ ಕೊಟ್ರೆ ಏನಾಗುತ್ತೆ ಅಂತ ದಿನಾ ಜಗಳ. ತಲೆನೋವಿಗೆ ಮಾರ್ಫಿನ್ ಬರೆದಿದಾರೆ, ಭಾವ ಚಟ ಹಿಡಿಯುತ್ತೆ ಅಂತ ಮಾತ್ರೆ ಶೀಟ್ ಮುಟ್ಟೋಕೇ ಬಿಡ್ತಿಲ್ಲ. ಅಕ್ಕ ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನ ಆಯ್ತು. ಅವನ ಅಕ್ಕನ್ನ, ಹತ್ತು ವರ್ಷ ಅವಳಿಗೆ, ಅರಸೀಕೆರೆಲಿ ಅವರಜ್ಜಿ ಮನೇಲಿ ಬಿಟ್ಟಿದೀವಿ, ಇಲ್ಲಿದ್ರೆ ನೋಡೋಕಾಗಲ್ಲ ಅಂತ. ಮತ್ತೆ ಅವನು "ಚಿಕ್ಕಮ್ಮ ನಾನು ಯಾವಾಗ ಸರಿಹೋಗ್ತೀನಿ" ಅಂತ ಕೇಳ್ತಾನೆ. ಏನು ಹೇಳ್ಲಿ?

---

ಬೆಂಗಳೂರು_ಸಿಸ್ಟರ್

ಅಮ್ಮಾ, ನಾನು ಮಕ್ಕಳ ಕ್ಯಾನ್ಸರ್ ವಾರ್ಡಲ್ಲಿ ಸ್ಟಾಫ್ ನರ್ಸ್. ಗೊತ್ತಿರೋದು ಹೇಳ್ತೀನಿ, ಡೋಸ್ ಮಾತ್ರ ನಿಮ್ಮ ಡಾಕ್ಟ್ರು ಹೇಳಿದ್ದೇ ಫೈನಲ್.

ಮೊದಲು ಮಾರ್ಫಿನ್. ನೋವಿಗೆ ಅಂತ ತೂಕ ನೋಡಿ ಕೊಡೋ ಮಾರ್ಫಿನ್‌ನಿಂದ ಮಗು ಚಟಕ್ಕೆ ಬೀಳಲ್ಲ, ಇದನ್ನ ನಿಮ್ಮ ಭಾವನಿಗೆ ನಮ್ಮ ಕಡೆಯಿಂದ ಹೇಳಿ. ಸಾಧಾರಣ ಮಾತ್ರೆ ಆದ್ರೆ ನಾಲ್ಕು ಗಂಟೆಗೊಂದ್ಸಲ ಬರೆದಿರ್ತಾರೆ, ನೋವು ಬಂದ್ಮೇಲೆ ಕೊಡೋದಲ್ಲ, ಬರೋಕೆ ಮುಂಚೆ ಗಡಿಯಾರ ನೋಡಿ ಕೊಡೋದು. ಮೊದಲ ಎರಡು ಮೂರು ದಿನ ಜಾಸ್ತಿ ಮಲಗ್ತಾನೆ, ಹೆದರಬೇಡಿ, ಆದ್ರೆ ಎಬ್ಬಿಸಿದ್ರೂ ಏಳ್ತಿಲ್ಲ, ಉಸಿರು ತುಂಬ ನಿಧಾನ ಅನ್ಸಿದ್ರೆ ತಕ್ಷಣ ಫೋನ್ ಮಾಡಿ. ಮಲಬದ್ಧತೆ ಗ್ಯಾರಂಟಿ ಆಗುತ್ತೆ, ಅದಕ್ಕೆ ಮೊದಲ ದಿನದಿಂದಲೇ ಲ್ಯಾಕ್ಟುಲೋಸ್ ಥರದ್ದು ಜೊತೆಗೆ ಬೇಕು, ಬರೆದಿಲ್ಲ ಅಂದ್ರೆ ಕೇಳಿ ಬರೆಸ್ಕೊಳ್ಳಿ. ಮೆಡಿಕಲ್ ಶಾಪಲ್ಲಿ ಸಿಗಲ್ಲ ಅಂತ ಅಲೆದಾಡಬೇಡಿ. ಎನ್‌ಡಿಪಿಎಸ್ ಅಂದ್ರೆ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ್ಮೇಲೆ ಸ್ವಲ್ಪ ಸಲೀಸಾಗಿದೆ, ಆದ್ರೂ ಅನುಮತಿ ಇರೋ ಆಸ್ಪತ್ರೆಗಳಲ್ಲೇ ಸಿಗೋದು, ಬರೆದುಕೊಟ್ಟ ಆಸ್ಪತ್ರೆಯಿಂದಲೇ ತಗೊಳ್ಳಿ.

ಡೆಕ್ಸಾ ಯಾವುದೇ ಕಾರಣಕ್ಕೂ ನೀವಾಗಿ ನಿಲ್ಲಿಸಬೇಡಿ. ಮುಖ ಊದಿದೆ ಅಂತ ಒಂದೇ ಸಲ ಬಿಟ್ರೆ ಜೀವಕ್ಕೇ ಅಪಾಯ, ಕಡಿಮೆ ಮಾಡೋದಾದ್ರೂ ಮೆಟ್ಟಿಲಿಳಿದ ಹಾಗೆ ಡಾಕ್ಟ್ರೇ ಇಳಿಸಬೇಕು. ಕೊನೇ ಡೋಸ್ ಮಧ್ಯಾಹ್ನದೊಳಗೆ ಮುಗಿಸಬಹುದಾ ಕೇಳಿ, ಸಂಜೆ ಕೊಟ್ರೆ ರಾತ್ರಿ ನಿದ್ದೆ ಬರಲ್ಲ. ಆ ಹಸಿವು, ಸಿಟ್ಟು, ಅಳು ಎಲ್ಲ ಔಷಧಿದು, ಹುಡುಗನ ಹಠ ಅಲ್ಲ. ಬಾಯೊಳಗೆ ಬಿಳಿ ಬಿಳಿ ಕಲೆ ಇದೆಯಾ ಟಾರ್ಚ್ ಹಾಕಿ ನೋಡಿ. ಇದ್ರೆ ಅದು ಫಂಗಸ್, ಸ್ಟೀರಾಯ್ಡ್ ತಗೊಳ್ಳೋ ಮಕ್ಕಳಿಗೆ ಮಾಮೂಲು, ಬಾಯಿಗೆ ಹಚ್ಚೋ ಔಷಧಿ ಇದೆ.

ಅಜ್ಜಿ ಮೊಸರನ್ನದ ವಿಷಯ. ನುಂಗೋ ಶಕ್ತಿ ಹೋಗಿರೋದ್ರಿಂದ ತುತ್ತು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ, ಅದಕ್ಕೇ ಟ್ಯೂಬ್. ಆದ್ರೆ ಅಜ್ಜಿನ ಬೈಬೇಡಿ. ಡಾಕ್ಟ್ರು ಒಪ್ಪಿದ್ರೆ ಹತ್ತಿ ಸ್ವಾಬ್ ತಿಳಿಸಾರಲ್ಲೋ ಪಾಯಸದಲ್ಲೋ ಅದ್ದಿ, ಚೆನ್ನಾಗಿ ಹಿಂಡಿ, ತುಟಿಗೂ ನಾಲಿಗೆ ತುದಿಗೂ ಹಚ್ಚೋಕೆ ಹೇಳಿ. ಆ ಡ್ಯೂಟಿ ಅಜ್ಜಿಗೇ ಕೊಡಿ. ರುಚಿನೂ ಸಿಗುತ್ತೆ, ಜಗಳನೂ ನಿಲ್ಲುತ್ತೆ.

ಟ್ಯೂಬ್ ಫೀಡ್ ಕೊಡುವಾಗ ತಲೆ ಕಡೆ ಎತ್ತರ ಇರ್ಲಿ, ಒರಗಿ ಕೂತ ಹಾಗೆ, ಮುಗಿದ ಮೇಲೂ ಅರ್ಧ ಮುಕ್ಕಾಲು ಗಂಟೆ ಮಲಗಿಸಬೇಡಿ. ಸಿರಿಂಜಲ್ಲಿ ಒತ್ತಿ ತಳ್ಳಬೇಡಿ, ಪಿಸ್ಟನ್ ತೆಗೆದು ಸುರಿದ್ರೆ ತಾನಾಗೇ ಇಳಿಯುತ್ತೆ. ಫೀಡ್‌ಗೆ ಮುಂಚೆ, ಆಮೇಲೆ, ಪ್ರತಿ ಔಷಧಿ ನಡುವೆ ನೀರು ಬಿಡಿ, ಎಷ್ಟು ಅಂತ ಡಿಸ್ಚಾರ್ಜ್ ಮಾಡಿದ ಸಿಸ್ಟರ್ ಹತ್ರ ಕೇಳಿ ಬರ್ಕೊಳ್ಳಿ. ಮಾತ್ರೆ ನುಣ್ಣಗೆ ಅರೆದೇ ಕೊಡಬೇಕು, ಆದ್ರೆ ಎಸ್‌ಆರ್ (ನಿಧಾನವಾಗಿ ಬಿಡೋ ಮಾತ್ರೆ) ಅಂತ ಬರೆದಿರೋದನ್ನ ಅರೀಬಾರದು.

---

ನಾಟಿವೈದ್ಯ_ಅಭಿಮಾನಿ

ನಮ್ಮ ಕಡೆ ಒಬ್ಬರು ಬೇರು ಕೊಡ್ತಾರೆ, ಕಷಾಯ ಮಾಡಿ ಟ್ಯೂಬಲ್ಲೇ ಹಾಕಬಹುದು. ಎಷ್ಟೋ ಜನಕ್ಕೆ ಗಡ್ಡೆ ಕರಗಿದೆ. ನಂಬರ್ ಬೇಕಾದ್ರೆ ಮೆಸೇಜ್ ಮಾಡಿ.

---

ಬೆಂಗಳೂರು_ಸಿಸ್ಟರ್

@ನಾಟಿವೈದ್ಯ_ಅಭಿಮಾನಿ ದಯವಿಟ್ಟು ಬೇಡ ಸರ್. ಕಷಾಯದ ಚರಟ ಟ್ಯೂಬಲ್ಲಿ ಕಟ್ಕೊಂಡ್ರೆ ಆ ಮಗುಗೆ ಮತ್ತೆ ಮೂಗಲ್ಲಿ ಹೊಸ ಟ್ಯೂಬ್ ತೂರಿಸಬೇಕು, ಆ ನೋವು ನೀವು ನೋಡಿಲ್ಲ. ಈ ಗಡ್ಡೆ ಕರಗಿಸೋ ಬೇರು ಇದ್ದಿದ್ರೆ ನಮ್ಮ ವಾರ್ಡ್ ಯಾವತ್ತೋ ಖಾಲಿ ಆಗಿರ್ತಿತ್ತು.

---

ಧಾರವಾಡದ_ಅಪ್ಪ

ನಿಮ್ಮ ಪೋಸ್ಟ್ ಓದಿ ಭಾಳ ಹೊತ್ತು ಸುಮ್ಮನ ಕುಂತೆ ತಂಗಿ. ನಮ್ಮ ಮಗಳಿಗೂ ಇದ ಗಡ್ಡಿ ಆಗಿತ್ತು. ಔಷಧದ ಮಾತು ಸಿಸ್ಟರ್ ಹೇಳ್ಯಾರ, ನಾ ಬ್ಯಾರೆ ಹೇಳತೇನಿ.

ಈ ರೋಗದಾಗ ಮಾತು ಹೋಗತದ, ಕೈಕಾಲು ಹೋಗತಾವ, ಆದ್ರ ಬುದ್ಧಿ ಹೆಚ್ಚಾಗಿ ಹಂಗ ಇರತದ. ಎಲ್ಲಾ ಕೇಳಸ್ತದ, ಎಲ್ಲಾ ತಿಳೀತದ. ನೋಡಾಕ ಬಂದ ಮಂದಿ ಹಾಸಿಗಿ ಪಕ್ಕದಾಗ ನಿಂತು "ಪಾಪ ಇನ್ನೆಷ್ಟು ದಿನಾನೋ" ಅಂತಿದ್ರು, ಅಕಿ ಕಣ್ಣಾಗ ನೀರು ಬರತಿತ್ತು. ಆವತ್ತ ನಾನು ಬಾಗಲದಾಗ ಕುಂತು ಹೇಳಾಕ ಶುರು ಮಾಡಿದೆ, ಅಳೂದಿದ್ರ ಪಡಸಾಲ್ಯಾಗ ಅತ್ತು ಬರ್ರಿ, ಒಳಗ ಬಂದ್ರ ಅಕಿ ಜೋಡಿ ಮಾತಾಡ್ರಿ, ಅಕಿ ಬಗ್ಗೆ ಮಾತಾಡಬ್ಯಾಡ್ರಿ. ಒಂದಿಬ್ಬರು ಸಿಟ್ಟಾದ್ರು. ಆಗವಲ್ರ್ಯಾಕ.

ಮಾತು ಪೂರಾ ನಿಲ್ಲೂಕಿಂತ ಮೊದಲ ಸನ್ನಿ ಕಲಿಸಿಬಿಡ್ರಿ. ಕಣ್ಣು ಮ್ಯಾಲೆ ಮಾಡಿದ್ರ ಹೂಂ, ಮುಚ್ಚಿದ್ರ ಇಲ್ಲ. ನಾವು ಹಳೇ ಕ್ಯಾಲೆಂಡರ್ ಹಿಂದ ದೊಡ್ಡ ಅಕ್ಷರದಾಗ ಬರದಿದ್ವಿ: ನೋವು, ಮಗ್ಗಲಾ ಬದಲಸು, ಸೆಕಿ, ಕಾರ್ಟೂನು, ಅವ್ವ ಬೇಕು, ಅಪ್ಪಾ ಸುಮ್ಮನಿರು. ಕಡೀದು ಅಕೀನ ಬರೀ ಅಂದಿದ್ದು, ಭಾಳ ಉಪಯೋಗ ಆಗಿದ್ದೂ ಅದ.

ದೊಡ್ಡ ಹುಡುಗೀನ ಅರಸೀಕೆರಿಯಿಂದ ಕರಕೊಂಡ ಬರ್ರಿ. ದೂರ ಇಟ್ರ ಆ ಕೂಸಿಗೆ ಏನು ಅನಸ್ತದ ಗೊತ್ತೇನ್ರಿ, ತಮ್ಮನ್ನ ನಾ ಹೊಡದಿದ್ದೆ ಅದಕ್ಕ ಹಿಂಗ ಆತು ಅಂತ ಮನಸಿನ್ಯಾಗ ಇಟಗೊಂಡು ಕುಂತಿರತಾವ. ನಮ್ಮ ಮಗ ಖರೇನ ಹಿಂಗ ಕೇಳಿದ್ದ. ಯಾರೂ ಏನೂ ಮಾಡಿದ್ದರಿಂದ ಈ ಗಡ್ಡಿ ಬರೂದಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಒಂದು ಸಣ್ಣ ಕೆಲಸ ಕೊಡ್ರಿ, ಪುಸ್ತಕ ಓದೂದೋ, ಚಾನಲ್ ಬದಲಸೂದೋ. ಬ್ಯಾಸರಾದ್ರ ಆಡಾಕ ಹೊರಗ ಕಳಸ್ರಿ, ಅದಕ್ಕೂ ಅಕಿಗೆ ಹಕ್ಕೈತಿ.

ಮತ್ತ ರಾತ್ರಿ ಪಾಳಿ ಹಂಚ್ಕೋರಿ. ಹತ್ತರಿಂದ ಎರಡು ಒಬ್ಬರು, ಎರಡರಿಂದ ಆರು ಒಬ್ಬರು, ಪಾಳಿ ಇಲ್ಲದವರು ಬ್ಯಾರೆ ಖೋಲ್ಯಾಗ ಬಾಗಲಾ ಹಾಕ್ಕೊಂಡ ಮಲಗಬೇಕು. ನಿಮ್ಮ ಭಾವ ಮಾರ್ಫಿನ್ ಬ್ಯಾಡ ಅಂತಾರಲ್ಲ, ಅವರನ್ನ ಒಂದು ರಾತ್ರಿ ಪೂರಾ ಹುಡುಗನ ಪಕ್ಕ ಕುಂದರಸ್ರಿ. ನಾವು ಗಂಡಸರು ಔಷಧಿ ತರತೇವಿ, ರೊಕ್ಕ ಹೊಂದಸ್ತೇವಿ ಅಂತ ಹೊರಗ ಅಡ್ಡಾಡಿ ಬಂದು ತೀರ್ಪು ಕೊಡೂದು ಸಸಾರ.

---

ಕುಡ್ಲದ_ನರ್ಸ್_ಯುಕೆ

ನಾನು ಮಂಗಳೂರಿನವಳು, ಈಗ ಇಂಗ್ಲೆಂಡಿನಲ್ಲಿ ಮಕ್ಕಳ ಹಾಸ್ಪೀಸ್‌ನಲ್ಲಿ, ಅಂದ್ರೆ ಗುಣವಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಜಾಗದಲ್ಲಿ ಕೆಲಸ. ಧಾರವಾಡದ ಅಣ್ಣ ಹೇಳಿದ್ದಕ್ಕೆ ನನ್ನದೂ ಹೌದು.

ಟ್ಯೂಬ್ ಬಗ್ಗೆ ಒಂದು ಸೇರಿಸ್ತೇನೆ. ಊರಿನಲ್ಲಿ ಈಗ್ಲೂ ಸಿರಿಂಜಿನಿಂದ ಗಾಳಿ ಹಾಕಿ ಸ್ಟೆತಸ್ಕೋಪಿನಲ್ಲಿ ಗುಳುಗುಳು ಕೇಳಿದ್ರೆ ಟ್ಯೂಬ್ ಸರಿ ಉಂಟು ಅಂತ ಹೇಳಿಕೊಡ್ತಾರೆ. ಟ್ಯೂಬ್ ಶ್ವಾಸಕೋಶದಲ್ಲಿದ್ರೂ ಆ ಸದ್ದು ಕೇಳಬಹುದು, ಇಲ್ಲಿ 2005ರಲ್ಲೇ ಅದನ್ನು ಮಾಡ್ಬೇಡಿ ಅಂತ ಸೂಚನೆ ಬಂತು. ಟ್ಯೂಬಿನಿಂದ ಸಿರಿಂಜಿನಲ್ಲಿ ಸ್ವಲ್ಪ ದ್ರವ ಎಳೆದು ಪಿಎಚ್ ಪೇಪರಿಗೆ (ಆಸಿಡ್ ಎಷ್ಟುಂಟು ಅಂತ ತೋರಿಸುವ ಕಾಗದ) ಹಾಕಿ ನೋಡ್ಬೇಕು, 5.5 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಹೊಟ್ಟೆಯಲ್ಲಿ ಉಂಟು ಅಂತ. ಆದ್ರೆ ಡೆಕ್ಸಾ ಜೊತೆ ಪ್ಯಾಂಟೊಪ್ರಜೋಲ್ ಕೊಡ್ತಾ ಇದ್ರೆ ಆಸಿಡ್ ಕಡಿಮೆಯಾಗಿ ನಂಬರ್ ಮೇಲೆ ಹೋಗ್ತದೆ, ಆಗ ಏನು ಮಾಡುದು ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳಿಡಿ. ಮೂಗಿನ ಹತ್ರ ಟ್ಯೂಬಿಗೆ ಪೆನ್ನಿನಲ್ಲಿ ಗುರುತು ಹಾಕಿ. ಗುರುತು ಜಾರಿದ್ರೆ, ಇಲ್ಲ ಫೀಡ್ ಮಧ್ಯೆ ಕೆಮ್ಮು ಬಂದು ಮುಖ ನೀಲಿಯಾದ್ರೆ ಕೂಡ್ಲೇ ನಿಲ್ಲಿಸಿ.

ಒಂದು ಕಣ್ಣು ಪೂರ್ತಿ ಮುಚ್ಚುದಿಲ್ವಾ ನೋಡಿ, ಈ ಗಡ್ಡೆಯಲ್ಲಿ ಹಾಗಾಗ್ತದೆ. ಕಣ್ಣು ಒಣಗಿ ಹುಣ್ಣಾಗ್ಬಾರ್ದು, ಡ್ರಾಪ್ಸ್ ಕೇಳಿ. ಜೊಲ್ಲು ಗಂಟಲಿನಲ್ಲಿ ನಿಲ್ತಿದ್ರೆ ಮಗ್ಗುಲಾಗಿ ಮಲಗಿಸಿ, ಜೊಲ್ಲು ಕಡಿಮೆ ಮಾಡ್ಲಿಕ್ಕೆ ಗ್ಲೈಕೋಪಿರೋಲೇಟ್ ಅಂತ ಮದ್ದುಂಟು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ, ಸೊಂಟ, ಕಿವಿಯ ಹಿಂದೆ ಕೆಂಪಾಗಿದಾ ನೋಡಿ.

ಅಕ್ಕನ ನಿದ್ದೆ ವಿಷಯ. ಹಾಸ್ಪೀಸ್ ಅಂದ್ರೆ ಸಾಯ್ಲಿಕ್ಕೆ ಬಿಟ್ಟು ಬರುವ ಜಾಗ ಅಂತ ನಮ್ಮವರಿಗೆ ಹೆದರಿಕೆ. ಮಕ್ಕಳ ಹಾಸ್ಪೀಸ್ ಶುರುವಾದದ್ದೇ ಅಪ್ಪ ಅಮ್ಮನಿಗೆ ನಿದ್ದೆ ಸಿಗ್ಲಿ ಅಂತ ಮಾರಾಯ್ರೇ! ಆಕ್ಸ್‌ಫರ್ಡಿನಲ್ಲಿ ಹೆಲೆನ್ ಅಂತ ಮೆದುಳಿನ ಗಡ್ಡೆಯಾಗಿ ಏನೂ ಮಾಡ್ಲಿಕ್ಕಾಗದೆ ಉಳಿದ ಸಣ್ಣ ಹುಡುಗಿ ಇದ್ದಳು, ಮನೆಯವರಿಗೆ ಬಿಡುವು ಸಿಗ್ಲಿ ಅಂತ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ, ಅವರು ಮಕ್ಕಳ ನರ್ಸಿಂಗ್ ಕಲಿತು ಕನ್ಯಾಸ್ತ್ರೀ ಆದವರು, ಆಗಾಗ ಕೆಲವು ದಿನ ತಮ್ಮ ಕಾನ್ವೆಂಟಿನಲ್ಲೇ ಇಟ್ಟುಕೊಂಡು ನೋಡಿಕೊಳ್ತಿದ್ರು. ಅದೇ ಬೆಳೆದು 1982ರಲ್ಲಿ ಹೆಲೆನ್ ಹೌಸ್ ಆಯ್ತು. ಹಾಗಾಗಿ ಅಕ್ಕ ನಾಲ್ಕು ದಿನ ಮಲಗಿದ್ರೆ ಮಗನನ್ನು ಕೈಬಿಟ್ಟ ಹಾಗಲ್ಲ.

ಅವನು ಕೇಳುದಕ್ಕೆ ಉತ್ತರ. ಸುಳ್ಳು ಹೇಳ್ಬೇಡಿ, ಎಲ್ಲ ಒಟ್ಟಿಗೆ ಹೇಳ್ಲಿಕ್ಕೂ ಹೋಗ್ಬೇಡಿ. "ನಿನಗೆ ಎಂತ ಅನ್ನಿಸ್ತದೆ ಪುಟ್ಟಾ" ಅಂತ ಮೊದಲು ಅವನನ್ನೇ ಕೇಳಿ. ಮಕ್ಕಳಿಗೆ ಸುಮಾರು ಗೊತ್ತಿರ್ತದೆ, ದೊಡ್ಡವರಿಗೆ ಬೇಜಾರಾಗ್ತದೆ ಅಂತ ಸುಮ್ಮನಿರ್ತವೆ. "ಈ ಗಡ್ಡೆಯನ್ನು ಪೂರ್ತಿ ಗುಣ ಮಾಡುವ ಮದ್ದು ಡಾಕ್ಟರ ಹತ್ರ ಇಲ್ಲ, ನೋವು ಆಗದ ಹಾಗೆ ನೋಡಿಕೊಳ್ತೇವೆ, ನಿನ್ನನ್ನು ಒಬ್ಬನೇ ಬಿಡುದಿಲ್ಲ", ಇಷ್ಟು ಸಾಕಾಗ್ತದೆ ಹೆಚ್ಚಿನ ಸಲ. ಇದನ್ನು ಅಕ್ಕನೋ ಭಾವನೋ ಹೇಳುದು ಒಳ್ಳೇದು, ನೀವು ಪಕ್ಕದಲ್ಲಿರಿ.

---

ಹಾಸನದ_ಚಿಕ್ಕಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅಣ್ಣಾ, ನಿಮ್ಮದನ್ನ ಅಕ್ಕನಿಗೆ ಓದಿ ಹೇಳ್ದೆ, ನಾಳೆನೇ ಮಗಳನ್ನ ಕರ್ಕೊಂಡು ಬರ್ತಿದೀವಿ. ಭಾವನಿಗೆ ರಾತ್ರಿ ಪಾಳಿ ಹಾಕಿದೀವಿ 🙂 ಇನ್ನೆರಡು ಪ್ರಶ್ನೆ. ಹಾಸನದಲ್ಲಿ ಮನೆಗೆ ಬರೋ ನರ್ಸ್ ಸಿಗ್ತಾರಾ? ಮತ್ತೆ ರಾತ್ರಿ ಫಿಟ್ಸ್ ಏನಾದ್ರೂ ಬಂದ್ರೆ, ಅಥವಾ... ಆ ಟೈಮ್ ಬಂದ್ರೆ, ಆಸ್ಪತ್ರೆಗೆ ಓಡಬೇಕಾ, ಮನೇಲೇ ಇಟ್ಕೋಬಹುದಾ?

---

ಬೆಂಗಳೂರು_ಸಿಸ್ಟರ್

ಏಜೆನ್ಸಿಯವರು ಕಳಿಸೋ "ಹೋಮ್ ನರ್ಸ್" ಎಲ್ಲರೂ ನರ್ಸಿಂಗ್ ಓದಿರಲ್ಲ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಆಗಿದೆಯಾ, ಮಕ್ಕಳ ಟ್ಯೂಬ್ ನೋಡ್ಕೊಂಡು ಅಭ್ಯಾಸ ಇದೆಯಾ ಕೇಳಿ. ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್, ಕ್ಯಾನ್ಸರ್ ಥರದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಪ್ಯಾಲಿಯೇಟಿವ್ ಬಗ್ಗೆ ವಿಚಾರಿಸಿ, ನಿಮ್ಮ ಆಶಾ ಕಾರ್ಯಕರ್ತೆಗೂ ಹೇಳಿ. ಬೆಂಗಳೂರಿಗೆ ಬರೋದಾದ್ರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ, ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರ್ ಇರೋರನ್ನ ದುಡ್ಡು ತಗೊಳ್ಳದೇ ನೋಡ್ಕೊಳ್ತಾರೆ, ಮಗು ಅಂತ ಹೇಳಿ ಫೋನಲ್ಲೇ ಮೊದಲು ಕೇಳಿ.

ಫಿಟ್ಸ್ ಬಂದ್ರೆ ಮಗ್ಗುಲಾಗಿ ಮಲಗಿಸಿ, ಫೀಡ್ ನಡೀತಿದ್ರೆ ನಿಲ್ಲಿಸಿ, ಟೈಮ್ ನೋಡ್ಕೊಳ್ಳಿ. ಬಾಯಿಗೆ ಚಮಚ ತುರುಕೋದು, ಕೈಗೆ ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು ಯಾವುದೂ ಬೇಡ. ಫಿಟ್ಸ್ ನಿಲ್ಲಿಸೋಕೆ ಮೂಗಿಗೆ ಹೊಡೆಯೋ ಮಿಡಾಜೋಲಮ್ ಸ್ಪ್ರೇ ಬರೆಸ್ಕೊಂಡು ಮನೇಲಿಟ್ಟಿರಿ, ಯಾವಾಗ ಎಷ್ಟು ಅಂತ ಅದರ ಡಬ್ಬಿ ಮೇಲೇ ಬರೆದಿಡಿ, ಆ ಗಾಬರೀಲಿ ನೆನಪಿಗೆ ಬರಲ್ಲ.

ಕೊನೆ ವಿಷಯ ಈಗಲೇ ಮಾತಾಡೋದೇ ಒಳ್ಳೇದು, ಅರ್ಧರಾತ್ರಿ ಆಂಬುಲೆನ್ಸಲ್ಲಿ ಅಲ್ಲ. ಈ ಗಡ್ಡೆಗೆ ವೆಂಟಿಲೇಟರ್ ಹಾಕಿದ್ರೆ ರೋಗ ವಾಪಸ್ ಹೋಗಲ್ಲ. ಬೇಕಾ ಬೇಡ್ವಾ ಅಂತ ಅಪ್ಪ ಅಮ್ಮ ಡಾಕ್ಟ್ರ ಜೊತೆ ಕೂತು ತೀರ್ಮಾನ ಮಾಡಿ ಫೈಲಲ್ಲಿ ಬರೆಸ್ಕೊಳ್ಳಿ. ಮನೇಲೇ ಅಂದ್ರೆ ಮನೇಲೇ ಆಗುತ್ತೆ, ಎಷ್ಟೋ ಮನೆಗಳಲ್ಲಿ ಆಗಿದೆ. ಆಗ ನಿದ್ದೆ ಜಾಸ್ತಿ ಆಗುತ್ತೆ, ಉಸಿರು ನಿಂತು ನಿಂತು ಬರುತ್ತೆ, ಗಂಟಲಲ್ಲಿ ಗೊರಗೊರ ಸದ್ದು, ಕೈಕಾಲು ತಣ್ಣಗೆ. ಆ ಸದ್ದು ಕೇಳೋರಿಗೆ ಹಿಂಸೆ, ಮಗುಗೆ ಅಷ್ಟು ಗೊತ್ತಾಗಲ್ಲ. ಫೀಡ್ ಕಡಿಮೆ ಮಾಡೋಕೆ ಹೇಳ್ತಾರೆ, ಬಾಯಿ ಒದ್ದೆ ಮಾಡ್ತಾ ಇದ್ರೆ ಸಾಕು. ಉಪವಾಸ ಕೆಡವಿದೀವಿ ಅಂತ ಅಜ್ಜಿ ಅಂದ್ಕೊಳ್ಳದ ಹಾಗೆ ಮೊದಲೇ ವಿವರಿಸಿ. ರಾತ್ರಿ ಯಾರಿಗೆ ಫೋನ್ ಮಾಡಬೇಕು ಅನ್ನೋ ನಂಬರ್ ಗೋಡೆ ಮೇಲೆ ಅಂಟಿಸಿ. ಮನೇಲಿ ತೀರಿಕೊಂಡ್ರೆ ರಿಜಿಸ್ಟ್ರೇಷನ್‌ಗೆ 21 ದಿನ ಟೈಮ್ ಇರುತ್ತೆ, ಡಾಕ್ಟ್ರ ಸರ್ಟಿಫಿಕೇಟ್ ಯಾರು ಕೊಡ್ತಾರೆ ಅಂತ ಭಾವ ಈಗಲೇ ಕೇಳಿಟ್ಕೊಂಡಿರ್ಲಿ, ಇಂಥದ್ದು ಅಕ್ಕನ ತಲೆಗೆ ಹಾಕಬೇಡಿ.

ಟ್ಯೂಬ್ ಹಾಕಿದ ತಾರೀಖು ಡಿಸ್ಚಾರ್ಜ್ ಶೀಟಲ್ಲಿ ಇರುತ್ತೆ ನೋಡಿ, ಬದಲಾಯಿಸೋ ದಿನ ಕೇಳಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಕೆನ್ನೆ ಮೇಲಿನ ಪ್ಲಾಸ್ಟರ್ ಕೀಳುವಾಗ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಸ್ಟೀರಾಯ್ಡ್ ತಗೊಳ್ಳೋ ಮಕ್ಕಳ ಚರ್ಮ ಬೇಗ ಕಿತ್ಕೊಂಡು ಬರುತ್ತೆ.