ಬಿ.ಪಿ. ಮಾತ್ರೆಯಿಂದ ಅಪ್ಪನ ಕಾಲು ಊದಿಕೊಂಡಿದೆ, ಮಾತ್ರೆ ಬಿಟ್ಟುಬಿಟ್ಟಿದ್ದಾರೆ: ಅನುಭವವಿದ್ದವರು ತಿಳಿಸಿ

ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ತಂದೆಗೆ 66 ವರ್ಷ. ಕಬ್ಬಿನ ಗದ್ದೆಯಿದೆ, ಈಗಲೂ ರಾತ್ರಿ ನೀರು ಕಟ್ಟಲು ತಾವೇ ಹೋಗುತ್ತಾರೆ. ನಾಲ್ಕು ತಿಂಗಳ ಹಿಂದೆ ಕಣ್ಣಿನ ಪೊರೆ ತೋರಿಸಲು ಹೋದಾಗ ರಕ್ತದೊತ್ತಡ 170/100 ಇದೆಯೆಂದು ಗೊತ್ತಾಯಿತು. ಆಮ್ಲೋಡಿಪಿನ್ 5 ಮಿ.ಗ್ರಾಂ ಬರೆದುಕೊಟ್ಟರು, ಅದು ಸಾಲದೆಂದು ಆಮೇಲೆ 10 ಮಾಡಿದರು. ಅಲ್ಲಿಂದ ಸಂಜೆಯಾಗುತ್ತಲೇ ಎರಡೂ ಪಾದ ಊದಿಕೊಳ್ಳುತ್ತಿವೆ, ಚಪ್ಪಲಿ ಹಿಡಿಸುವುದಿಲ್ಲ. ‘ಮಾತ್ರೆ ನುಂಗಿ ನುಂಗಿ ಕಿಡ್ನಿ ಹೋಯಿತು’ ಎಂದು ಅಕ್ಕಪಕ್ಕದವರು ಹೇಳಿದ್ದನ್ನು ಕೇಳಿ 12 ದಿನದಿಂದ ಮಾತ್ರೆಯನ್ನೇ ಮುಟ್ಟಿಲ್ಲ. ‘ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೆಂಥ ಬಿ.ಪಿ.’ ಎನ್ನುತ್ತಾರೆ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಭಾನುವಾರ ಊರಿಗೆ ಹೋಗುತ್ತೇನೆ. ಯಾರಿಗಾದರೂ ಹೀಗಾಗಿತ್ತೇ? ಬೇರೆ ಮಾತ್ರೆ ಇದೆಯೇ? ಒಮ್ಮೆ ಶುರು ಮಾಡಿದರೆ ಕೊನೆಯವರೆಗೂ ನುಂಗಲೇಬೇಕೇ?

ಮೈಸೂರು, ಕುವೆಂಪುನಗರದಿಂದ

ತಂಗಿ, ಭಾನುವಾರದವರೆಗೆ ಕಾಯಬೇಡಿ. ನಾಳೆಯೇ ಯಾರನ್ನಾದರೂ ಜೊತೆ ಮಾಡಿ ಅಪ್ಪನನ್ನು ಆಸ್ಪತ್ರೆಗೆ ಕಳುಹಿಸಿ. ಆಮ್ಲೋಡಿಪಿನ್ ದೇಹದಿಂದ ನಿಧಾನವಾಗಿ ಹೊರಹೋಗುವ ಮಾತ್ರೆ, ನಿಲ್ಲಿಸಿದ ಮೇಲೂ ಕೆಲವು ದಿನ ಅದರ ಪ್ರಭಾವ ಉಳಿದಿರುತ್ತದೆ. ಆದರೆ 12 ದಿನವೆಂದರೆ ಅದೂ ಮುಗಿದಿದೆ. ಈಗ ಅವರ ರಕ್ತದೊತ್ತಡಕ್ಕೆ ಯಾವ ತಡೆಯೂ ಇಲ್ಲ. ತಲೆನೋವಿಲ್ಲ ಎನ್ನುವುದನ್ನು ನಂಬಿ ಕೂರಬೇಡಿ. ನನಗೆ 180 ಇದ್ದಾಗಲೂ ಒಂದು ದಿನ ತಲೆ ನೋಯಲಿಲ್ಲ, ಶಾಲೆಗೆ ಹೋಗಿ ಏಳು ಪೀರಿಯಡ್ ಪಾಠ ಮಾಡಿ ಬರುತ್ತಿದ್ದೆ.

ನಾನು ನಿವೃತ್ತ ಶಿಕ್ಷಕಿ, ಮಾತ್ರೆ ಶುರುವಾಗಿ 14 ವರ್ಷವಾಯಿತು. ಮೊದಲು ಕೊಟ್ಟಿದ್ದು ಎನಾಲಾಪ್ರಿಲ್. ಒತ್ತಡವೇನೋ ಇಳಿಯಿತು, ಜೊತೆಗೆ ಒಣಕೆಮ್ಮು ಹತ್ತಿತು. ಕಫವಿಲ್ಲ, ಜ್ವರವಿಲ್ಲ, ಗಂಟಲಲ್ಲಿ ಗರಿ ಆಡಿಸಿದ ಹಾಗೆ ಕೆರೆತ. ರಾತ್ರಿ ಮಲಗಿದರೆ ಇನ್ನೂ ಹೆಚ್ಚು. ನಾಲ್ಕು ತಿಂಗಳು ಕಷಾಯ, ಸಿರಪ್, ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಎಲ್ಲ ಆಯಿತು. ಕೆಮ್ಮಿಗೆ ಔಷಧಿ ಕೊಟ್ಟವರೊಬ್ಬರೂ ‘ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ಹೊಸ ವೈದ್ಯೆಯೊಬ್ಬರು ನನ್ನ ಹಳೆಯ ಚೀಟಿ ಬಿಡಿಸಿ ನೋಡಿದವರೇ ‘ಇದು ಮಾತ್ರೆಯ ಕೆಮ್ಮು’ ಎಂದರು. ಎನಾಲಾಪ್ರಿಲ್, ರಾಮಿಪ್ರಿಲ್‌ಗಳಂತಹ ಈ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಹೀಗಾಗುತ್ತದಂತೆ. ಲೊಸಾರ್ಟಾನ್‌ಗೆ ಬದಲಾಯಿಸಿದ ಎರಡು ವಾರದಲ್ಲಿ ಕೆಮ್ಮು ಹೋಯಿತು. ಆ ನಾಲ್ಕು ತಿಂಗಳ ನಿದ್ದೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೆಲವು ವರ್ಷಗಳ ಬಳಿಕ ಒಂದೇ ಮಾತ್ರೆ ಸಾಲದಾಗಿ ನನಗೂ ಆಮ್ಲೋಡಿಪಿನ್ 10ರವರೆಗೆ ಹೋಯಿತು, ಕಾಲೂ ಊದಿತು. ಕಣಕಾಲಿನ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಹಾಗೆಯೇ ನಿಲ್ಲುತ್ತಿತ್ತು. ನನ್ನ ವೈದ್ಯೆ ಕಾರಣ ಹೇಳಿದರು. ಈ ಮಾತ್ರೆ ರಕ್ತ ಒಯ್ಯುವ ಸಣ್ಣ ಅಪಧಮನಿಗಳನ್ನು ಅಗಲ ಮಾಡುತ್ತದೆ, ಒತ್ತಡ ಇಳಿಯುವುದು ಅದರಿಂದಲೇ. ಆದರೆ ರಕ್ತ ಹಿಂದಿರುಗಿಸುವ ಅಭಿಧಮನಿಗಳು ಅಷ್ಟು ಅಗಲವಾಗುವುದಿಲ್ಲ. ನಿಮ್ಮ ತಂದೆಗೆ ಗದ್ದೆಯ ಮಾತಿನಲ್ಲಿಯೇ ಹೇಳಿ: ತೂಬು ದೊಡ್ಡದು ಮಾಡಿ ಬಸಿಗಾಲುವೆಯನ್ನು ಹಾಗೆಯೇ ಬಿಟ್ಟರೆ ನೀರು ಬದುವಿನ ಬುಡದಲ್ಲಿ ಜಿನುಗುತ್ತದಲ್ಲ, ಹಾಗೆ. ನಿಂತು ಓಡಾಡುವವರಿಗೆ ಅದು ಪಾದಕ್ಕೆ ಇಳಿಯುತ್ತದೆ, ರಾತ್ರಿ ಮಲಗಿ ಎದ್ದರೆ ಕಡಿಮೆಯಾಗಿರುತ್ತದೆ. 5ರಲ್ಲಿ ಇಲ್ಲದ ಊತ 10ರಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಇದು ಕಿಡ್ನಿ ಹೋದ ಲಕ್ಷಣವಲ್ಲ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲದ್ದರಿಂದ ಮೂತ್ರ ಹೋಗಿಸುವ ಮಾತ್ರೆ ಕೊಟ್ಟರೂ ಅಷ್ಟಾಗಿ ಇಳಿಯುವುದಿಲ್ಲ.

ನನಗೆ ಆಮ್ಲೋಡಿಪಿನ್ ಅನ್ನು 5ಕ್ಕೆ ಇಳಿಸಿ, ಲೊಸಾರ್ಟಾನ್ ತೆಗೆದು ಟೆಲ್ಮಿಸಾರ್ಟಾನ್ ಹಾಕಿದರು. ಈ ಗುಂಪಿನ ಮಾತ್ರೆ ಅಭಿಧಮನಿಯನ್ನೂ ಸಡಿಲಿಸುವುದರಿಂದ ಊತಕ್ಕೂ ಒಳ್ಳೆಯದಂತೆ. ಮೂರು ವಾರದಲ್ಲಿ ಕಾಲು ಮೊದಲಿನಂತಾಯಿತು, ಒತ್ತಡ 130ರ ಆಸುಪಾಸಿನಲ್ಲಿ ನಿಂತಿತು. ನಮ್ಮ ಓರಗಿತ್ತಿಗೆ ಸಿಲ್ನಿಡಿಪಿನ್ ಕೊಟ್ಟಿದ್ದಾರೆ, ಆಮ್ಲೋಡಿಪಿನ್‌ನ ಬಳಗದ್ದೇ ಆದರೂ ಅದರಲ್ಲಿ ಊತ ಕಡಿಮೆ. ಯಾವುದು ಯಾರಿಗೆ ಎನ್ನುವುದನ್ನು ವೈದ್ಯರು ನಿರ್ಧರಿಸಲಿ. ‘ಈ ಮಾತ್ರೆಯಿಂದ ನನಗೆ ಹೀಗಾಗುತ್ತಿದೆ’ ಎಂದು ಹೇಳುವುದು ಮಾತ್ರ ನಮ್ಮ ಕೆಲಸ, ಅದನ್ನು ಹೇಳದೆ ಮನೆಯಲ್ಲಿ ಕುಳಿತರೆ ಯಾರೂ ಬದಲಾಯಿಸಿ ಕೊಡಲಾರರು.

ಒಂದು ಎಚ್ಚರಿಕೆ. ಊತವೆಲ್ಲ ಮಾತ್ರೆಯದೇ ಎಂದು ನಾವೇ ತೀರ್ಮಾನಿಸುವ ಹಾಗಿಲ್ಲ. ನನಗೂ ಮೂತ್ರದಲ್ಲಿ ಪ್ರೋಟೀನ್, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಇಸಿಜಿ ಎಲ್ಲ ನೋಡಿದ ಮೇಲೆಯೇ ಹಾಗೆ ಹೇಳಿದ್ದು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಅಂಗಾತ ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಅದು ಬೇರೆಯೇ ವಿಷಯ, ಆ ಕ್ಷಣವೇ ಹೊರಡಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎನ್‌ಸಿಡಿ ಕ್ಲಿನಿಕ್ ಎಂದು ಕೇಳಿ, ಬಿ.ಪಿ., ಸಕ್ಕರೆ ಕಾಯಿಲೆಗೆಂದೇ ಇರುವ ವಿಭಾಗ ಅದು.

ಮಂಡ್ಯದಿಂದ

ಅಕ್ಕ, ನಮ್ಮ ತಂದೆಯವರೂ ಇದೇ ಮಾತು ಹೇಳುತ್ತಿದ್ದರು. ಯುಗಾದಿಗೆ ಮೂರು ವಾರ ಮುಂಚೆ ಮಾತ್ರೆ ಬಿಟ್ಟರು. ಹೊಸತೊಡಕಿನ ದಿನ ಊಟಕ್ಕೆ ಕುಳಿತಿದ್ದಾಗ ಬಲಗೈಯಲ್ಲಿದ್ದ ಲೋಟ ಜಾರಿತು, ಮಾತು ತೊದಲಿತು. ಆಯಾಸ ಇರಬೇಕು ಎಂದು ಮಲಗಿಸಿದೆವು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ, ನಾವು ಆಸ್ಪತ್ರೆ ಮುಟ್ಟಿದ್ದು ರಾತ್ರಿ. ಈಗ ಎಡಗೈಯಲ್ಲಿ ಊಟ ಮಾಡುತ್ತಾರೆ. ಇದನ್ನು ನಿಮ್ಮ ತಂದೆಗೆ ಓದಿ ಹೇಳಿ.

ಮಂಡ್ಯದಿಂದ, ಔಷಧಿ ಅಂಗಡಿಯಲ್ಲಿದ್ದವರು

31 ವರ್ಷ ಔಷಧಿ ಅಂಗಡಿಯ ಕಟ್ಟೆಯ ಹಿಂದೆ ನಿಂತು ಕಂಡದ್ದನ್ನು ಹೇಳುತ್ತೇನೆ. ಮೇಡಂ ಹೇಳಿದ್ದು ಸರಿಯಾಗಿದೆ. ಆದರೆ ಮಾತ್ರೆ ಬದಲಾದ ಮೇಲೆಯೇ ಮನೆಯಲ್ಲಿ ಗೊಂದಲ ಶುರುವಾಗುವುದು.

ಮಾತ್ರೆಯ ಪಟ್ಟಿಯ ಮೇಲೆ ಎರಡು ಹೆಸರಿರುತ್ತವೆ, ಒಂದು ಕಂಪನಿ ಇಟ್ಟ ಹೆಸರು, ಇನ್ನೊಂದು ಒಳಗಿರುವ ಔಷಧಿಯ ಹೆಸರು. ಆ ಔಷಧಿಯ ಹೆಸರನ್ನು ಓದಿಸಿಕೊಳ್ಳಿ. ಮಂಡ್ಯದ ವೈದ್ಯರು ಬರೆದದ್ದು ಒಂದು ಹೆಸರು, ಮೈಸೂರಿನಲ್ಲಿ ಬರೆದದ್ದು ಇನ್ನೊಂದು ಹೆಸರು, ಒಳಗಿರುವುದು ಎರಡರಲ್ಲೂ ಟೆಲ್ಮಿಸಾರ್ಟಾನ್. ಎರಡನ್ನೂ ನುಂಗಿ ಎದ್ದು ನಿಂತೊಡನೆ ಕಣ್ಣು ಕತ್ತಲೆ ಬಂದು ಬಿದ್ದವರನ್ನು ನಾನು ನೋಡಿದ್ದೇನೆ. ಹೆಸರಿನ ಕೊನೆಯಲ್ಲಿ ‘ಎಎಂ’ ಎಂದಿದ್ದರೆ ಸಾಮಾನ್ಯವಾಗಿ ಆಮ್ಲೋಡಿಪಿನ್ ಸೇರಿದೆಯೆಂದು, ‘ಎಚ್’ ಎಂದಿದ್ದರೆ ಮೂತ್ರ ಹೋಗಿಸುವ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆಯೆಂದು. ‘ಎಎಂ’ ಇರುವುದನ್ನು ಕೊಟ್ಟ ಮೇಲೂ ಹಳೆಯ ಆಮ್ಲೋಡಿಪಿನ್ ಅನ್ನು ಬೇರೆಯಾಗಿ ಮುಂದುವರಿಸುವವರು ಬಹಳ ಮಂದಿ. ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಮಂಡಿನೋವಿಗೆ ಏನು ತೆಗೆದುಕೊಳ್ಳುತ್ತಾರೆ ಎನ್ನುವುದನ್ನೂ ಮರೆಯದೆ ಹೇಳಿ. ಕಬ್ಬು ಕಡಿದು ಬಂದು ಸೊಂಟ ಹಿಡಿದಿದೆ ಎಂದು ನಮ್ಮ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಕೇಳದ ದಿನವೇ ಇರಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ರಕ್ತದೊತ್ತಡವನ್ನೂ ಏರಿಸುತ್ತವೆ, ಉಪ್ಪುನೀರನ್ನು ದೇಹದಲ್ಲಿ ಹಿಡಿದಿಟ್ಟು ಊತವನ್ನೂ ತರುತ್ತವೆ. ಟೆಲ್ಮಿಸಾರ್ಟಾನ್ ಮತ್ತು ಮೂತ್ರದ ಮಾತ್ರೆಯ ಜೊತೆಗೆ ಇವೂ ಸೇರಿದರೆ ಕಿಡ್ನಿಗೆ ನಿಜಕ್ಕೂ ಅಪಾಯ. ಜನ ಬಿ.ಪಿ. ಮಾತ್ರೆಯನ್ನು ಬೈಯುತ್ತಾರೆ, ನೋವಿನ ಮಾತ್ರೆಯನ್ನು ಕಡಲೆಪುರಿಯಂತೆ ತಿನ್ನುತ್ತಾರೆ. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ಮೊದಲು ವೈದ್ಯರನ್ನು ಕೇಳಿ.

ಮೂತ್ರ ಹೋಗಿಸುವ ಮಾತ್ರೆ ಕೊಟ್ಟರೆ ಬೆಳಿಗ್ಗೆಯೇ ನುಂಗಲಿ, ಇಲ್ಲದಿದ್ದರೆ ರಾತ್ರಿಯೆಲ್ಲ ಏಳಬೇಕಾಗುತ್ತದೆ. ಆ ಮಾತ್ರೆಯಿಂದ ವಯಸ್ಸಾದವರಿಗೆ ಸೋಡಿಯಂ ಇಳಿದು ಮಂಕು ಕವಿಯುವುದುಂಟು. ಬಿಸಿಲಿನ ದಿನಗಳಲ್ಲಿ ವಾಂತಿಭೇದಿ ಆದರಂತೂ ಅಂದೇ ವೈದ್ಯರಿಗೆ ತಿಳಿಸಬೇಕು, ಆ ಹೊತ್ತಿಗೆ ಕೆಲವು ಮಾತ್ರೆಗಳನ್ನು ತಡೆಹಿಡಿಯಲು ಅವರು ಹೇಳಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ, ಅವನ್ನು ಒಮ್ಮೆಲೇ ನಿಲ್ಲಿಸುವುದು ಹೃದಯಕ್ಕೆ ಅಪಾಯಕರ, ಹಂತಹಂತವಾಗಿ ಇಳಿಸಬೇಕು. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗುವುದು ಬೇಡ. ಇನ್ನೊಂದು ಸಣ್ಣ ವಿಷಯ: ಟೆಲ್ಮಿಸಾರ್ಟಾನ್ ಗಾಳಿಯ ತೇವ ಹೀರುತ್ತದೆ. ವಾರದ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಿಡಬೇಡಿ, ನುಂಗುವಾಗಲೇ ಪಟ್ಟಿಯಿಂದ ಬಿಡಿಸಿ.

ಹಣದ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ, ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ನಾಟಿ ಔಷಧಿ ಕೊಡಿಸಿ ಎನ್ನುವವರು ಬಂದೇ ಬರುತ್ತಾರೆ. ನಮ್ಮ ನೆಲದ ಸರ್ಪಗಂಧದ ಬೇರಿಗೆ ರಕ್ತದೊತ್ತಡ ಇಳಿಸುವ ಗುಣ ನಿಜವಾಗಿಯೂ ಇದೆ. ಮುಂಬಯಿಯ ಡಾ. ರುಸ್ತಂ ಜಾಲ್ ವಕೀಲ್ ಅವರು 1949ರಲ್ಲಿ ತಮ್ಮ ರೋಗಿಗಳಲ್ಲಿ ಕಂಡ ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತೇ ಇತ್ತ ತಿರುಗಿ ನೋಡಿತು. ಅದರಿಂದ ಬಂದ ರಿಸರ್ಪಿನ್ ಎಷ್ಟೋ ವರ್ಷ ಬಳಕೆಯಲ್ಲಿತ್ತು. ಆದರೆ ಪ್ರಮಾಣ ಹೆಚ್ಚಾದರೆ ಮನಸ್ಸು ಕುಗ್ಗಿಸುತ್ತದೆ. ಬೇರನ್ನು ಅರೆದು ಕೊಡುವವರಿಗೆ ಅದರಲ್ಲಿ ಔಷಧಿ ಎಷ್ಟಿದೆ ಎನ್ನುವ ಲೆಕ್ಕ ತಿಳಿಯುವುದಿಲ್ಲ. ಆ ಬೇರಿನ ಮೇಲೆ ನನಗೆ ಅಭಿಮಾನವಿದೆ, ಆದರೂ ನಿಮ್ಮ ತಂದೆಗೆ ಕೊಡಿಸಿ ಎಂದು ಹೇಳಲಾರೆ.

ಶ್ರೀರಂಗಪಟ್ಟಣದಿಂದ

ಮಾತ್ರೆಯ ವಿಷಯ ಹಿರಿಯರು ಹೇಳಿದ್ದಾರೆ, ನಾನು ಅಡುಗೆಮನೆಯ ಮಾತು ಹೇಳುತ್ತೇನೆ. ನಮ್ಮ ಮಾವನವರಿಗೆ ಮಾತ್ರೆ ಮೂರಾದರೂ ಒತ್ತಡ ಇಳಿಯುತ್ತಿರಲಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದರು. ಅಂದರೆ ಒಂದು ಸಣ್ಣ ಚಮಚ, ಮೂರು ಹೊತ್ತಿಗೂ ಸೇರಿ. ಮುದ್ದೆಗೆ ನಾವು ಉಪ್ಪು ಹಾಕುವುದೇ ಇಲ್ಲ, ಹಾಗಾಗಿ ಎಲ್ಲಿಂದ ಬರುತ್ತದೆ ಎಂದು ಒಂದು ವಾರ ಗಮನಿಸಿದೆ. ಉಪ್ಪುಸಾರಿನ ಕಟ್ಟು, ಅದರ ಖಾರ, ಪಕ್ಕಕ್ಕೆ ಬಾಳಕದ ಮೆಣಸಿನಕಾಯಿ, ಹಪ್ಪಳ, ಮಜ್ಜಿಗೆಗೆ ಮತ್ತೆ ಉಪ್ಪು! ಉಪ್ಪುಸಾರು ಬಿಡಿಸಲಿಲ್ಲ, ಬಿಡಿಸಿದ್ದರೆ ಅವರು ಊಟವನ್ನೇ ಬಿಡುತ್ತಿದ್ದರು. ಕಟ್ಟಿಗೆ ಉಪ್ಪು ಅರ್ಧ ಮಾಡಿ ಹುಣಸೆ, ಬೆಳ್ಳುಳ್ಳಿ ಹೆಚ್ಚಿಸಿದೆ. ಬಾಳಕವನ್ನೂ ಹಪ್ಪಳವನ್ನೂ ಹಬ್ಬಕ್ಕೆ ಮಾತ್ರ ಇಟ್ಟೆ. ಎರಡು ತಿಂಗಳಲ್ಲಿ ವೈದ್ಯರೇ ಒಂದು ಮಾತ್ರೆ ತೆಗೆದರು. ಕೊನೆಯವರೆಗೂ ನುಂಗಬೇಕೇ ಎಂದು ಕೇಳಿದ್ದೀರಿ. ಹೆಚ್ಚಿನವರಿಗೆ ಹೌದು, ಆದರೆ ಪ್ರಮಾಣ ಇಳಿಯುವುದುಂಟು. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ, ಎರಡೂ ಸೇರಿದರೆ ಹೃದಯದ ಬಡಿತಕ್ಕೆ ತೊಂದರೆ.

ತೋಳಿಗೆ ಕಟ್ಟುವ ಯಂತ್ರವೊಂದನ್ನು ಮನೆಯಲ್ಲಿಡಿ. ಗದ್ದೆಯಿಂದ ಬಂದೊಡನೆ ನೋಡಬಾರದು. ಕಾಫಿ, ಬೀಡಿ ಆದ ಮೇಲೆ ಅರ್ಧ ಗಂಟೆ ಬಿಟ್ಟು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ನೋಡಿ. ಮನೆಯಲ್ಲಿ 135/85 ದಾಟಿದರೆ ಹೆಚ್ಚು ಎಂದೇ ಲೆಕ್ಕ.

ಮೈಸೂರು, ಸರಸ್ವತಿಪುರಂನಿಂದ

ಇದು ಕೇಳಿದವರಿಗಲ್ಲ, ಓದುವ ಹೆಣ್ಣುಮಕ್ಕಳಿಗೆ. ನನಗೆ 32ಕ್ಕೇ ಟೆಲ್ಮಿಸಾರ್ಟಾನ್ ಶುರುವಾಗಿತ್ತು. ಮಗುವಿನ ಯೋಚನೆ ಇದೆಯೆಂದು ಹೇಳಿದೊಡನೆ ಬದಲಾಯಿಸಿ ಲ್ಯಾಬೆಟಲಾಲ್ ಕೊಟ್ಟರು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್ ಇವೆಲ್ಲ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಹಾನಿ ಮಾಡುತ್ತವೆ. ಮುಂಚಿತವಾಗಿಯೇ ಹೇಳಿ.

ಕೇಳಿದವರಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಮರುದಿನವೇ ರಜೆ ಹಾಕಿ ಹೋದೆ. ಮಂಡ್ಯದ ಅಣ್ಣನವರು ತಮ್ಮ ತಂದೆಯ ಬಗ್ಗೆ ಬರೆದದ್ದನ್ನು ಅಪ್ಪನಿಗೆ ಓದಿದೆ, ಏನೂ ಮಾತನಾಡದೆ ಎದ್ದು ಅಂಗಿ ಹಾಕಿಕೊಂಡರು. ಆಸ್ಪತ್ರೆಯಲ್ಲಿ 176/102 ಇತ್ತು. ಮೂತ್ರ, ಕ್ರಿಯಾಟಿನಿನ್, ಇಸಿಜಿ ಎಲ್ಲ ಸರಿಯಾಗಿವೆ. ಮಾತ್ರೆಗಳ ಚೀಲ ಸುರಿದಾಗ ಅದರಲ್ಲಿ ಡೈಕ್ಲೋಫೆನಾಕ್ ಪಟ್ಟಿಯೂ ಇತ್ತು, ನನಗೆ ಗೊತ್ತೇ ಇರಲಿಲ್ಲ. ಅದನ್ನು ನಿಲ್ಲಿಸಿದ್ದಾರೆ. ಟೆಲ್ಮಿಸಾರ್ಟಾನ್ 40 ಮತ್ತು ಆಮ್ಲೋಡಿಪಿನ್ 5 ಸೇರಿರುವ ಒಂದೇ ಮಾತ್ರೆ ಕೊಟ್ಟಿದ್ದಾರೆ, ಎರಡು ವಾರಕ್ಕೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಮತ್ತೊಮ್ಮೆ ನೋಡಬೇಕಂತೆ. ಸಂಜೆ ಸ್ವಲ್ಪ ಊತ ಕಾಣುತ್ತದೆ, ಚಪ್ಪಲಿ ಮಾತ್ರ ಹಿಡಿಸುತ್ತಿದೆ. ಕಬ್ಬಿನ ತೂಕ ಬರೆಯುತ್ತಿದ್ದ ಪುಸ್ತಕದ ಹಿಂಬದಿಯಲ್ಲಿ ದಿನವೂ ಅಂಕಿ ಬರೆಯುತ್ತಿದ್ದಾರೆ. ನಿನ್ನೆಯದು 144/88.

ಹಳೆಯ ಆಮ್ಲೋಡಿಪಿನ್ 10ರ ಎರಡು ಪಟ್ಟಿ ಉಳಿದಿವೆ. ಪಕ್ಕದ ಮನೆಯವರಿಗೂ ಬಿ.ಪಿ. ಇದೆಯೆಂದು ಅಪ್ಪ ಅವರಿಗೆ ಕೊಡಲು ಹೊರಟಿದ್ದರು, ತಡೆದಿದ್ದೇನೆ. ಏನು ಮಾಡಲಿ?

ಮಂಡ್ಯದಿಂದ, ಔಷಧಿ ಅಂಗಡಿಯಲ್ಲಿದ್ದವರು

ತಡೆದದ್ದು ಒಳ್ಳೆಯದಾಯಿತಮ್ಮ. ಅವನ್ನು ಅಪ್ಪನ ಕೈಗೆ ಸಿಗದ ಹಾಗೆ ಇಂದೇ ಎತ್ತಿಡಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಯ್ದು ಅಲ್ಲಿಯೇ ಒಪ್ಪಿಸಿ. ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಲು ಹೇಳಿ.